ತಲೆಕೆಳಗಾದ ಮನೆಯ ಪಿನ್ನು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರ ಪತ್ರವನ್ನು ಅಚ್ಚು ಮಾಡಿ, ಉತ್ತರ ಕೊಡಲು ಒಂದು ತಿಂಗಳ ವಾಯಿದೆ ಕೇಳಿದ್ದೆ. ಅದನ್ನು ಓದಿದ ಇನ್ನೂ ಮೂವರು ಅದೇ ವಿಷಯಕ್ಕೆ ಬರೆದುದರಿಂದ ಈ ಸಲದ ಅಂಕಣ ಪೂರ್ತಿಯಾಗಿ, ಮಕ್ಕಳ ಆಟದ ತಂಡಗಳು ಅದಲು ಬದಲು ಮಾಡಿಕೊಳ್ಳುವ ಬ್ಯಾಡ್ಜಿನಂಥ ಪಿನ್ನುಗಳ ಪಾಲಾಗಿದೆ. ಮೊದಲ ಪತ್ರವನ್ನು ನೋಡದವರಿಗಾಗಿ ಅದನ್ನು ಮತ್ತೆ ಕೊಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳ ಮಗನಿಗೆ ಈಗ ಹನ್ನೆರಡು ವರ್ಷ, ಅಲ್ಲಿ ಬೇಸ್‌ಬಾಲ್ ಆಡುತ್ತಾನೆ. ರಜೆಗೆ ಊರಿಗೆ ಬಂದವನು ಒಂದು ಟವೆಲ್ಲಿನ ತುಂಬ ಚುಚ್ಚಿಟ್ಟುಕೊಂಡಿದ್ದ ಬಣ್ಣಬಣ್ಣದ ಪಿನ್ನುಗಳನ್ನು ನಡುಮನೆಯಲ್ಲಿ ಹರಡಿ ಕುಳಿತ. ನನಗೂ ಒಂದು ಕೊಟ್ಟಿದ್ದಾನೆ. ಅದು ತಲೆಕೆಳಗಾದ ಮನೆಯಂತಿದೆ; ಕೆಳಗಿನ ತುದಿಗೆ ಸಣ್ಣ ಕೊಂಡಿಯಲ್ಲಿ ಒಂದು ಜೇನುಹುಳು ಜೋತಾಡುತ್ತದೆ. ಟೂರ್ನಿಗೆ ಬಂದ ಬೇರೆ ಬೇರೆ ತಂಡದ ಹುಡುಗರೊಂದಿಗೆ ಅದಲು ಬದಲು ಮಾಡಿಕೊಂಡದ್ದಂತೆ. ಇದಕ್ಕೆಂದು ಮಗಳು 200 ಡಾಲರ್ ಕೊಟ್ಟಳೆಂದು ಕೇಳಿ ನನಗೆ ಗಾಬರಿಯಾಯಿತು. ಇದು ಆಟವೋ ವ್ಯಾಪಾರವೋ ತಿಳಿಸಿಕೊಡಬೇಕು. (ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಅಮ್ಮಾ, ತಾವು ಅದನ್ನು ಮನೆ ಎಂದು ಗುರುತಿಸಿದ್ದು ಸರಿಯಾಗಿಯೇ ಇದೆ. ಬೇಸ್‌ಬಾಲ್‌ನಲ್ಲಿ ದಾಂಡಿಗನು ನಿಂತು ಹೊಡೆಯುವ ಜಾಗದಲ್ಲಿ, ನೆಲಕ್ಕೆ ಸಮನಾಗಿ ಕೂರಿಸಿದ, 17 ಅಂಗುಲ ಅಗಲದ, ಐದು ಮೂಲೆಯ ಬಿಳಿ ರಬ್ಬರ್ ಹಲಗೆಯೊಂದಿರುತ್ತದೆ. ಅದರ ಹೆಸರೇ ಹೋಮ್ ಪ್ಲೇಟ್, ಎಂದರೆ ಮನೆ. ಹೊಡೆದವನು ಮೂರು ಠಾಣೆಗಳನ್ನು ಸುತ್ತಿಕೊಂಡು ಬಂದು ಆ ಹಲಗೆಯನ್ನು ಮುಟ್ಟಿದರೆ ತಂಡಕ್ಕೆ ಒಂದು ಓಟ ಸಿಗುತ್ತದೆ. ಚೆಂಡು ಎಸೆಯುವವನ ಕಡೆಯಿಂದ ನೋಡಿದರೆ ಅದು ಮಾಡು ಮೇಲಿರುವ ನೆಟ್ಟಗಿನ ಮನೆ. ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನ ಕಡೆಯಿಂದ ನೋಡಿದರೆ ತಮಗೆ ಕಂಡಂತೆ ತಲೆಕೆಳಗಾದ ಮನೆ. ಪಿನ್ನು ಮಾಡಿಸುವ ತಂಡಗಳಿಗೆ ಈ ಆಕಾರ ಬಹಳ ಪ್ರಿಯ. ಜೋತಾಡುವ ಜೇನುಹುಳು ಬಹುಶಃ ಆ ತಂಡದ ಗುರುತಾಗಿರಬೇಕು. ಹೀಗೆ ತುಂಡೊಂದು ನೇತಾಡುವ ಪಿನ್ನನ್ನು ಮಕ್ಕಳು ಡ್ಯಾಂಗ್ಲರ್ ಎನ್ನುತ್ತಾರೆ. ನಡುವಿನ ಚಕ್ರ ತಿರುಗುವುದಾದರೆ ಸ್ಪಿನ್ನರ್, ಪಟ್ಟಿಯೊಂದು ಆಚೆ ಈಚೆ ಸರಿಯುವುದಾದರೆ ಸ್ಲೈಡರ್, ಸಣ್ಣ ದೀಪ ಮಿನುಗುವುದಾದರೆ ಬ್ಲಿಂಕರ್. ಮೊಮ್ಮಗ ತಮಗೆ ಕೊಟ್ಟಿರುವುದು ಸಾದಾ ಪಿನ್ನಲ್ಲ ಎಂಬುದನ್ನು ತಾವು ಗಮನಿಸಬೇಕು.

ತಂಡದ ಪಿನ್ನುಗಳನ್ನು ಅದಲು ಬದಲು ಮಾಡಿಕೊಳ್ಳುವ ಈ ಪದ್ಧತಿಗೆ ಎರಡು ದೊಡ್ಡ ತವರುಗಳಿವೆ. ಮೊದಲನೆಯದು ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್. 1939ರಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಅಲ್ಲಿ ಮೂರೇ ತಂಡಗಳಿಂದ ಮಕ್ಕಳ ಬೇಸ್‌ಬಾಲನ್ನು ಆರಂಭಿಸಿದರು. ಅದೇ ಲಿಟಲ್ ಲೀಗ್. 1947ರಿಂದ ಅದರ ಅಂತಿಮ ಟೂರ್ನಿ ನಡೆಯುತ್ತ ಬಂದಿದ್ದು, ಈಗ ಪ್ರತಿ ಆಗಸ್ಟಿನಲ್ಲಿ ಪಕ್ಕದ ಸೌತ್ ವಿಲಿಯಮ್ಸ್‌ಪೋರ್ಟಿನಲ್ಲಿ ಅಮೆರಿಕದ ಹತ್ತು ಮತ್ತು ಹೊರದೇಶಗಳ ಹತ್ತು ತಂಡಗಳು ಸೇರುತ್ತವೆ. ಎರಡನೆಯದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಹಳ್ಳಿ. ಹೆಸರಾಂತ ಆಟಗಾರರನ್ನು ಗೌರವಿಸುವ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ 1939ರಲ್ಲಿ ಬಾಗಿಲು ತೆರೆದದ್ದು ಅಲ್ಲಿಯೇ ಆದುದರಿಂದ, ಅದು ಆ ಆಟದವರ ಯಾತ್ರಾಸ್ಥಳ. ಬೇಸಿಗೆ ಪೂರ್ತಿ ಹನ್ನೆರಡು ವರ್ಷದೊಳಗಿನವರ ವಾರಾವಧಿಯ ಟೂರ್ನಿಗಳು ಒಂದಾದ ಮೇಲೊಂದು ನಡೆಯುತ್ತವೆ. ಒಂದೊಂದು ವಾರಕ್ಕೆ ನೂರರಷ್ಟು ತಂಡಗಳು ಸೇರುವುದೂ ಉಂಟು. ಮಕ್ಕಳು ತರಬೇತುದಾರರೊಂದಿಗೆ ಶಿಬಿರದ ಕೊಠಡಿಗಳಲ್ಲಿ ಉಳಿದುಕೊಳ್ಳುತ್ತಾರೆ. ಪಂದ್ಯಗಳ ನಡುವಿನ ಹೊತ್ತಿನಲ್ಲಿ ಅವರ ದೊಡ್ಡ ಉದ್ಯೋಗವೇ ಪಿನ್ನು.

ತಮ್ಮ 200 ಡಾಲರಿನ ಲೆಕ್ಕ ಇಲ್ಲಿಂದ ಹುಟ್ಟುತ್ತದೆ. ನೂರು ತಂಡ ಬಂದರೆ, ಪ್ರತಿ ತಂಡದ ಪಿನ್ನು ಒಂದೊಂದು ಬೇಕೆನ್ನುವ ಹುಡುಗನ ಕೈಯಲ್ಲಿ ತನ್ನ ತಂಡದ ಪಿನ್ನುಗಳು ನೂರಾದರೂ ಇರಬೇಕು. ಸಾಧಾರಣ ಪಿನ್ನಿಗೆ ಒಂದರಿಂದ ಮೂರು ಡಾಲರ್ ಬೀಳುತ್ತದೆ. ನೇತಾಡುವ, ತಿರುಗುವ ಭಾಗಗಳಿದ್ದಷ್ಟೂ ಬೆಲೆ ಏರುತ್ತದೆ. ಹನ್ನೆರಡು ಹುಡುಗರ ತಂಡಕ್ಕೆ ತಲಾ ನೂರರಂತೆ 1,200 ಪಿನ್ನು, ಒಂದಕ್ಕೆ ಎರಡು ಡಾಲರ್ ಹಿಡಿದರೂ 2,400 ಡಾಲರ್. ಹೀಗಾಗಿ ಬಹಳಷ್ಟು ತಂಡಗಳು ಊರಿನ ಅಂಗಡಿಗಳವರಿಂದ ಚಂದಾ ಎತ್ತುತ್ತವೆ. ನಮ್ಮಲ್ಲಿ ಗಣಪತಿ ಕೂರಿಸುವ ಹುಡುಗರು ಪಟ್ಟಿ ಎತ್ತುವುದಿಲ್ಲವೇ, ಹಾಗೆ. ತಮ್ಮ ಮಗಳು ಕೊಟ್ಟದ್ದು ದುಬಾರಿಯೇ, ಆದರೆ ಆಕೆ ಮೋಸಹೋಗಿಲ್ಲ.

ಇನ್ನು ಆಟವೋ ವ್ಯಾಪಾರವೋ ಎಂಬ ಪ್ರಶ್ನೆ. ನಮ್ಮ ಸೀಮೆಯ ದನದ ಜಾತ್ರೆಗಳಲ್ಲಿ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ದರ ಹೇಳುವುದನ್ನು ತಾವು ಕಂಡಿರಬಹುದು. ಪಕ್ಕದವನಿಗೆ ಬೆಲೆ ತಿಳಿಯಬಾರದೆಂಬುದೇ ಅದರ ಮರ್ಮ. ಪಿನ್ನಿನವರದು ಅದಕ್ಕೆ ತದ್ವಿರುದ್ಧ. ಅವರೂ ಟವೆಲ್ ತರುತ್ತಾರೆ, ಆದರೆ ಅದನ್ನು ನೆಲಕ್ಕೆ ಹಾಸಿ ಇದ್ದದ್ದೆಲ್ಲವನ್ನೂ ಮೇಲೆಯೇ ಚುಚ್ಚಿಡುತ್ತಾರೆ. ಒಬ್ಬ ಹುಡುಗ ಬಂದು ಕುಕ್ಕರಿಸುತ್ತಾನೆ, ಒಂದನ್ನು ತೋರಿಸುತ್ತಾನೆ, ತನ್ನದನ್ನು ಅದರ ಪಕ್ಕದಲ್ಲಿಟ್ಟು ಮುಖ ನೋಡುತ್ತಾನೆ. ಎದುರಿನವನು ಜಪಾನಿನಿಂದಲೋ ತೈವಾನಿನಿಂದಲೋ ಬಂದವನಾದರೆ ಮಾತೇ ಇರುವುದಿಲ್ಲ. ತಲೆಯಾಡಿಸಿದರೆ ಆಯಿತು, ಅಡ್ಡಡ್ಡ ಆಡಿಸಿದರೆ ಇಲ್ಲ. ಹಣ ನಡುವೆ ಬರಕೂಡದೆಂಬುದು ಮಕ್ಕಳ ನಡುವಿನ ಗಟ್ಟಿ ಕಟ್ಟಳೆ. ಗುರುತಿಲ್ಲದ ಹುಡುಗನ ಎದುರು ಹೋಗಿ ನಿಲ್ಲಲು ಹನ್ನೆರಡರ ಹುಡುಗನಿಗೆ ನೆಪವೊಂದು ಬೇಕು. ಅದಕ್ಕೆ ಇದಕ್ಕಿಂತ ಅಗ್ಗದ ನೆಪ ನನಗೆ ತೋಚುತ್ತಿಲ್ಲ.

ಪ್ರಶ್ನೆ: ನಾವು ಮೂರು ವರ್ಷ ಅಮೆರಿಕದಲ್ಲಿದ್ದು ಈಗ ದಾವಣಗೆರೆಗೆ ಮರಳಿದ್ದೇವೆ. ಅಲ್ಲಿನ ಒಂದು ಟೂರ್ನಿಯಲ್ಲಿ, ಮೈತುಂಬ ಪಿನ್ನು ಚುಚ್ಚಿಕೊಂಡಿದ್ದ ಹಿರಿಯರೊಬ್ಬರು ನನ್ನ ಮಗನ ಬಳಿಯಿದ್ದ ಒಂದೇ ಒಂದು ತಿರುಗುವ ಪಿನ್ನನ್ನು ಪಡೆದು ಎರಡು ಸಾದಾ ಪಿನ್ನು ಕೊಟ್ಟು ಕಳಿಸಿದರು. ಎರಡು ವರ್ಷವಾದರೂ ಅವನು ಅದನ್ನು ಮರೆತಿಲ್ಲ. ಆಗ ನಾನು ಮಧ್ಯೆ ಹೋಗಿ ಕೇಳಬೇಕಿತ್ತೇ? (ತಾಯಿಯೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಆ ಹಿರಿಯರ ವಿಷಯದಲ್ಲಿ ಕೇಳಬೇಕಿತ್ತು, ಎದುರಿನವನು ಹುಡುಗನಾಗಿದ್ದರೆ ಕೇಳಬಾರದಿತ್ತು. ನನ್ನ ಉತ್ತರ ಇಷ್ಟೇ ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದಕ್ಕೆ ಒಂದು ಎಂಬುದು ಈ ಅದಲು ಬದಲಿನ ಮೂಲ ದರ. ಟೂರ್ನಿಯ ಮೊದಲ ದಿನ ಎಲ್ಲರೂ ಹಾಗೆಯೇ ನಡೆದುಕೊಳ್ಳುತ್ತಾರೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಯಾವ ತಂಡ ಕಡಿಮೆ ಪಿನ್ನು ತಂದಿದೆ, ಯಾವುದರ ಚಕ್ರ ಸರಾಗವಾಗಿ ತಿರುಗುತ್ತದೆ, ಯಾವುದು ಎಲ್ಲರ ಟವೆಲ್ಲಿನಲ್ಲೂ ಇದೆ ಎಂಬುದು ಬಾಯಿಂದ ಬಾಯಿಗೆ ಹರಡಿ, ಬೇಡಿಕೆಯ ಪಿನ್ನಿಗೆ ಎರಡು, ಕೆಲವೊಮ್ಮೆ ಮೂರು ಕೇಳುವುದು ಆರಂಭವಾಗುತ್ತದೆ. ಮಗ ಒಂದಕ್ಕೆ ಎರಡು ಪಡೆದಿದ್ದಾನೆಂದರೆ ಲೆಕ್ಕದಲ್ಲಿ ಅದು ಪೇಟೆಯ ದರವೇ ಆಗಿರಬಹುದು. ತಪ್ಪು ಇರುವುದು ದರದಲ್ಲಲ್ಲ. ವರ್ಷಗಟ್ಟಲೆ ಪಿನ್ನು ಕೂಡಿಡುವ ವಯಸ್ಕರಿಗೆ ಯಾವುದು ಅಪರೂಪವೆಂಬುದು ಬಾಯಿಪಾಠವಾಗಿರುತ್ತದೆ. ಹುಡುಗನಿಗೆ ಅದು ತಿಳಿಯದು, ಮೇಲಾಗಿ ಹಿರಿಯರು ಕೇಳಿದಾಗ ಒಲ್ಲೆ ಎನ್ನಬಾರದೆಂದು ನಾವೇ ಕಲಿಸಿರುತ್ತೇವೆ. ಆದ್ದರಿಂದ ಮಕ್ಕಳ ಎದುರು ಕುಳಿತ ದೊಡ್ಡವರು ತಾವಾಗಿಯೇ ಒಂದು ತೂಕ ಹೆಚ್ಚು ಕೊಡುವುದು ಮರ್ಯಾದೆ. ಹಾಗೆ ಮಾಡದವರ ಬಳಿ, ಮಗ ಇನ್ನೂ ಕೈ ಕುಲುಕುವ ಮೊದಲೇ, ನಿನಗೆ ಇದು ನಿಜಕ್ಕೂ ಬೇಕೇನಪ್ಪಾ ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೈ ಕುಲುಕಿದ ಮೇಲೆ ಹಿಂದೆ ಕೇಳುವಂತಿಲ್ಲ. ಕೊಟ್ಟದ್ದನ್ನು ಮರಳಿ ಕೇಳುವ ಹುಡುಗನ ಬಳಿಗೆ ಮರುದಿನ ಯಾರೂ ಬರುವುದಿಲ್ಲ. ಇನ್ನೊಬ್ಬರ ಟವೆಲ್ಲಿನ ಪಿನ್ನನ್ನು ಕೇಳದೆ ಮುಟ್ಟುವುದು, ಇಬ್ಬರ ಮಾತು ನಡೆಯುತ್ತಿರುವಾಗ ಮೂರನೆಯವನು ನಡುವೆ ಬಾಯಿ ಹಾಕುವುದು, ಇವೆರಡೂ ಅಲ್ಲಿ ಒರಟುತನವೆನಿಸಿಕೊಳ್ಳುತ್ತವೆ.

ನನ್ನದೇ ಒಂದು ಸಂಗತಿಯಿದೆ. ಚಿತ್ರದುರ್ಗದಲ್ಲಿ ಓದುತ್ತಿದ್ದಾಗ ನನ್ನ ಬಳಿಯಿದ್ದ ಮೂರು ಮೂಲೆಯ ಹೊರದೇಶದ ಅಂಚೆಚೀಟಿಯನ್ನು ಕೊಟ್ಟು, ಆರು ಬೆಂಕಿಪೊಟ್ಟಣದ ಚಿತ್ರಗಳನ್ನು ತೆಗೆದುಕೊಂಡೆ. ನೀನು ಮಂಕಾದೆ ಎಂದು ಅಣ್ಣ ಮನೆಮಂದಿಯ ಮುಂದೆಲ್ಲ ಆಡಿಕೊಂಡ. ಅದಕ್ಕೂ ಮೊದಲು ನನಗೆ ಬೇಸರವೇ ಇರಲಿಲ್ಲ. ಆ ಆರರಲ್ಲಿ ಒಂದರ ಮೇಲಿದ್ದ ಹುಲಿ ನನಗೆ ಬಹಳ ದಿನದಿಂದ ಬೇಕಾಗಿತ್ತು. ತಮ್ಮ ಮಗನ ದುಃಖದಲ್ಲಿ ಅವನದೆಷ್ಟು, ಮನೆಯಲ್ಲಿ ಆಡಿದ ಮಾತಿನದೆಷ್ಟು ಎಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಪ್ರಶ್ನೆ: ನಮ್ಮ ಕ್ರಿಕೆಟ್ ಶಿಬಿರದ ವತಿಯಿಂದ ಹದಿನಾಲ್ಕರೊಳಗಿನ ಮಕ್ಕಳಿಗೆ ಎಂಟು ತಂಡಗಳ ಟೂರ್ನಿ ನಡೆಸುವ ಯೋಚನೆಯಿದೆ. ಹಿಂದಿನ ಸಂಚಿಕೆಯ ಪತ್ರ ಓದಿದ ಮೇಲೆ, ನಾವೂ ಇಂಥದ್ದೊಂದು ಮಾಡಬಾರದೇಕೆ ಎನ್ನಿಸಿತು. ಪಿನ್ನನ್ನು ಹೇಗೆ ಮಾಡಿಸಬೇಕು, ಎಷ್ಟು ಬೇಕು? (ತರಬೇತುದಾರರೊಬ್ಬರು, ಚಿತ್ರದುರ್ಗ)

ಉತ್ತರ: ಖಂಡಿತ ಮಾಡಿ, ಆದರೆ ಅಮೆರಿಕದ ಪ್ರಮಾಣದಲ್ಲಿ ಬೇಡ. ಎಂಟು ತಂಡವಿದ್ದರೆ ಹುಡುಗನೊಬ್ಬನಿಗೆ ಉಳಿದ ಏಳು ತಂಡಗಳಿಗೆ ಏಳು, ತನಗೊಂದು, ಅಂಪೈರಿಗೂ ಅಂಕ ಬರೆಯುವವರಿಗೂ ಎರಡು, ಕಳೆದುಹೋದರೆ ಇರಲೆಂದು ಎರಡು, ಒಟ್ಟು ಹನ್ನೆರಡು ಸಾಕು. ಹದಿನಾಲ್ಕು ಜನರ ತಂಡಕ್ಕೆ 168 ಆಯಿತು. ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಹೊಣೆಯನ್ನು ತಾವೇ ಹೊತ್ತುಕೊಳ್ಳಿ. ಕೊಳ್ಳುವುದನ್ನು ಮನೆಯವರಿಗೆ ಬಿಟ್ಟರೆ ಉಳ್ಳವರ ಮಗನ ಬಳಿ ಐವತ್ತು, ಇಲ್ಲದವನ ಬಳಿ ಸೊನ್ನೆ ಆಗುತ್ತದೆ.

ಮಾಡುವ ಬಗೆ ಹೀಗಿದೆ. ಚಿತ್ರವನ್ನು ಉಕ್ಕಿನ ಅಚ್ಚಿನಲ್ಲಿ ಕೊರೆದು, ಕಬ್ಬಿಣದ ಅಥವಾ ಹಿತ್ತಾಳೆಯ ತಗಡಿನ ಮೇಲೆ ಒತ್ತುತ್ತಾರೆ. ತೂತುಗಳಿರುವ ಕ್ಲಿಷ್ಟ ಆಕಾರವಾದರೆ ಸತುವಿನ ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ಯುತ್ತಾರೆ. ಮೇಲೆ ನಿಕ್ಕಲ್ಲಿನದೋ ಚಿನ್ನದ ಬಣ್ಣದ್ದೋ ಲೇಪ ಕೊಟ್ಟು, ತಗ್ಗುಗಳಿಗೆ ಸೂಜಿಯಂಥ ಕೊಳವೆಯಿಂದ ಬಣ್ಣ ತುಂಬಿ ಒಲೆಯಲ್ಲಿ ಬೇಯಿಸುತ್ತಾರೆ. ಬಣ್ಣ ಲೋಹದ ಅಂಚಿಗಿಂತ ತಗ್ಗಿನಲ್ಲಿ ನಿಂತರೆ ಅದು ಸಾಫ್ಟ್ ಎನಾಮೆಲ್. ಬೆರಳಾಡಿಸಿದರೆ ಗೆರೆಗಳು ತಾಗುತ್ತವೆ. ಅಂಚಿನವರೆಗೂ ತುಂಬಿ, ಉಜ್ಜಿ ನುಣುಪು ಮಾಡಿದರೆ ಹಾರ್ಡ್ ಎನಾಮೆಲ್. ಅದಕ್ಕೆ ಖರ್ಚು ಹೆಚ್ಚು. ಮಕ್ಕಳಿಗೆ ಮೊದಲನೆಯದು ಧಾರಾಳ ಸಾಕು. ಅದೂ ಕೈಗೆಟುಕದಿದ್ದರೆ, ರಾಜ್ಯೋತ್ಸವಕ್ಕೆ ಕೆಂಪು ಹಳದಿ ಬ್ಯಾಡ್ಜು ಮಾಡಿಕೊಡುವವರ ಬಳಿಗೇ ಹೋಗಿ. ಅವರ ಕೈಯಂತ್ರದಲ್ಲಿ ಒತ್ತಿದ ಗುಂಡನೆಯ ತಗಡಿನ ಬ್ಯಾಡ್ಜಿನಿಂದಲೂ ಅದಲು ಬದಲು ಚೆನ್ನಾಗಿಯೇ ನಡೆಯುತ್ತದೆ.

ಚಿತ್ರದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಿನ್ನಿನ ಅಗಲ ಒಂದೂವರೆ ಎರಡು ಅಂಗುಲ ಮಾತ್ರ. ಏಳುಸುತ್ತಿನ ಕೋಟೆಯನ್ನು ಪೂರ್ತಿ ಅದರೊಳಗೆ ತುರುಕಿದರೆ ಕಲ್ಲಿನ ರಾಶಿಯಂತೆ ಕಾಣುತ್ತದೆ. ಒಂದು ಕಿಂಡಿ, ಅದಕ್ಕೆ ಅಡ್ಡಲಾಗಿ ಒಂದು ಒನಕೆ, ಇಷ್ಟಿದ್ದರೆ ಯಾವ ಊರಿನ ತಂಡವೆಂದು ಬರೆಯುವುದೇ ಬೇಕಿಲ್ಲ. ಹಿರಿಯೂರಿನವರಿಗೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ, ಮೊಳಕಾಲ್ಮೂರಿನವರಿಗೆ ರೇಷ್ಮೆ ಸೀರೆಯ ಅಂಚು, ಚಳ್ಳಕೆರೆಯವರಿಗೆ ಒಂದು ಶೇಂಗಾಕಾಯಿ. ದಾವಣಗೆರೆಯಿಂದ ತಂಡ ಬಂದರೆ ಬೆಣ್ಣೆದೋಸೆಯನ್ನೇ ಮಾಡಿಸಲಿ; ಗುಂಡಗಿರುವುದರಿಂದ ಅದನ್ನು ತಿರುಗುವ ಪಿನ್ನಾಗಿ ಮಾಡುವುದು ಸುಲಭ, ಆ ಟೂರ್ನಿಯಲ್ಲಿ ಒಂದಕ್ಕೆ ಮೂರು ಬಾಳುವ ಪಿನ್ನು ಅದೇ ಆಗುವುದರಲ್ಲಿ ನನಗೆ ಅನುಮಾನವಿಲ್ಲ. ದೇವರ ಚಿತ್ರ ಮಾತ್ರ ಬೇಡ: ಮಕ್ಕಳ ಕೈಯ ವಸ್ತು, ನೆಲಕ್ಕೆ ಬಿದ್ದು ಯಾರದೋ ಕಾಲಡಿಗೆ ಸಿಗುತ್ತದೆ.

ಆಡುವಾಗ ಪಿನ್ನು ಮೈಮೇಲೆ ಇರಕೂಡದು. ಚೆಂಡು ಹಿಡಿಯಲು ಎದೆಯಡಿಯಾಗಿ ಬಿದ್ದ ಹುಡುಗನಿಗೆ ಹಿಂದಿನ ಸೂಜಿ ಚುಚ್ಚಿಕೊಂಡೀತು. ಪಂದ್ಯ ಮುಗಿದ ಮೇಲೆ ಅರ್ಧ ಗಂಟೆ ಎಲ್ಲ ತಂಡಗಳೂ ಒಂದೇ ಮರದಡಿ ಕೂರುವಂತೆ ಸಮಯ ಗೊತ್ತುಮಾಡಿ, ಪೋಷಕರಿಗೆ ಆ ಹೊತ್ತಿನಲ್ಲಿ ಚಹಾದ ವ್ಯವಸ್ಥೆಯನ್ನು ಸ್ವಲ್ಪ ದೂರದಲ್ಲಿ ಮಾಡಿ.

ಪ್ರಶ್ನೆ: ಇಂಥ ಪಿನ್ನುಗಳನ್ನು ಕೂಡಿಟ್ಟರೆ ಮುಂದೆ ಬೆಲೆ ಬರುತ್ತದೆಯೇ? (ವಿದ್ಯಾರ್ಥಿ, ಹರಿಹರ)

ಉತ್ತರ: ಮಕ್ಕಳ ತಂಡದ ಪಿನ್ನಿಗೆ ಬರುವುದಿಲ್ಲವೆಂದೇ ತಿಳಿಯಿರಿ. ಒಲಿಂಪಿಕ್ಸಿನ ಪಿನ್ನುಗಳದು ಬೇರೆಯೇ ಕಥೆ. 1896ರ ಅಥೆನ್ಸ್ ಕೂಟದಲ್ಲಿ ಸ್ಪರ್ಧಿಗಳನ್ನೂ ತೀರ್ಪುಗಾರರನ್ನೂ ಗುರುತಿಸಲು ಕೊಟ್ಟ ರಟ್ಟಿನ ಬಿಲ್ಲೆಗಳಿಂದ ಹೊರಟ ಪದ್ಧತಿ ಅದು. 1988ರ ಕ್ಯಾಲ್ಗರಿ ಚಳಿಗಾಲದ ಕೂಟದ ಹೊತ್ತಿಗೆ ಕೋಕಾ ಕೋಲಾ ಕಂಪನಿ ಅದಲು ಬದಲಿಗೆಂದೇ ಒಂದು ಕೇಂದ್ರವನ್ನು ತೆರೆಯುವಷ್ಟು ಬೆಳೆದಿತ್ತು. ಅಲ್ಲಿ ಹಣ ಓಡಾಡುತ್ತದೆ, ಹಣದ ಹಿಂದೆಯೇ ನಕಲಿಯೂ ಬರುತ್ತದೆ.

ಮೊದಲ ಪತ್ರದ ಶಿಕ್ಷಕಿಯವರು ಅಡಿಟಿಪ್ಪಣಿಯಲ್ಲಿ ಇನ್ನೊಂದನ್ನು ಕೇಳಿದ್ದರು: ಮಳೆಗಾಲದಲ್ಲಿ ಮಂಕಾಗಿರುವ ಪಿನ್ನನ್ನು ದೇವರ ಸಾಮಾನಿನಂತೆ ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ದಯವಿಟ್ಟು ಬೇಡ. ಅದರ ಹೊಳಪು ತೆಳುವಾದ ಲೇಪದ್ದು. ಹುಳಿ ತಾಗಿದರೆ ಲೇಪ ಕಿತ್ತುಬಂದು, ಒಳಗಿನದು ಕಬ್ಬಿಣವಾಗಿದ್ದರೆ ವಾರದೊಳಗೆ ತುಕ್ಕು ಕಾಣಿಸುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿದರೆ ಸಾಕು. ಸೆರಗಿಗೆ ಚುಚ್ಚಿಕೊಳ್ಳುವುದಾದರೆ, ಹಿಂಬದಿಯಲ್ಲಿರುವ ಎರಡು ರೆಕ್ಕೆಯ ಹಿತ್ತಾಳೆಯ ಮುಚ್ಚಳವನ್ನು ನಂಬದೆ ರಬ್ಬರಿನದನ್ನು ಹಾಕಿಕೊಳ್ಳಿ. ಹಿತ್ತಾಳೆಯದು ಬಸ್ಸಿನ ನೂಕುನುಗ್ಗಲಿನಲ್ಲಿ ಸಡಿಲವಾಗಿ ಬಿದ್ದುಹೋಗುತ್ತದೆ, ಜೇನುಹುಳುವೂ ಅದರ ಜೊತೆಗೆ.