ಅತ್ತೆ-ಸೊಸೆ ಜಗಳ ಅಂದುಕೊಂಡು ಬಂದ ಮನೆ

ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ. "ನಮ್ಮಂಥ ಇನ್ನೊಂದು ಮನೆಯವರು ಓದಲಿ ಮೇಡಂ" ಎಂದದ್ದು ಆ ಮನೆಯ ಸೊಸೆಯೇ.

ಆಪ್ತಸಲಹೆಗೆಂದು ಸವಿತಾ ನನ್ನ ಬಳಿ ಬಂದದ್ದು ಬೇರೆ ಮನೆ ಮಾಡುವ ವಿಷಯ ಮಾತಾಡಲು. ಅತ್ತೆ ಸರೋಜಮ್ಮನಿಗೆ 71 ವರ್ಷ. ಅವರ ಎರಡೆಳೆ ಸರ ಕಾಣೆಯಾಗಿತ್ತು. ಸೊಸೆಯೇ ತೆಗೆದು ತವರಿಗೆ ಕಳಿಸಿದ್ದಾಳೆ ಎಂದು ಪಕ್ಕದ ಮನೆಯವರ ಮುಂದೆ ಹೇಳಿಬಿಟ್ಟಿದ್ದರು. ಕೊನೆಗೆ ಸರ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. "ಸಿಕ್ಕಿದ ಮೇಲೂ ಬಿಡಲಿಲ್ಲ ಮೇಡಂ. ಹೆದರಿಕೊಂಡು ನಾನೇ ತಂದಿಟ್ಟೆ ಅಂದ್ರು. ಇನ್ನು ಆ ಮನೆಯಲ್ಲಿ ನಾನು ಹೇಗಿರಲಿ?" ಎಂದು ಸವಿತಾ ಅತ್ತರು.

ಅತ್ತೆ-ಸೊಸೆ ಜಗಳಕ್ಕೆ ಸಾಮಾನ್ಯವಾಗಿ ಹಳೆಯ ಬೇರು ಇರುತ್ತದೆ. ಮದುವೆಯಲ್ಲಿ ಯಾರೋ ಆಡಿದ ಮಾತು, ಬಾಣಂತನದಲ್ಲಾದ ಬೇಸರ, ಆಸ್ತಿ ವಿಷಯ, ಹೀಗೆ ಕೆದಕಿದರೆ ಏನಾದರೂ ಸಿಗುತ್ತದೆ. ಇಲ್ಲಿ ಏನೂ ಸಿಗಲಿಲ್ಲ. ಹದಿನೆಂಟು ವರ್ಷದ ಸಂಸಾರ. ಸವಿತಾಗೆ ತಾಯಿ ಇಲ್ಲ. ಎರಡೂ ಬಾಣಂತನ ಮಾಡಿದ್ದು ಸರೋಜಮ್ಮನೇ. ಅಂಥವರು ಎಪ್ಪತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಸೊಸೆಯನ್ನು ಕಳ್ಳಿ ಅಂದರೆ, ಸ್ವಭಾವ ಕೆಟ್ಟಿತು ಎನ್ನುವ ಮೊದಲು ಮೆದುಳಿನ ಆರೋಗ್ಯ ನೋಡಬೇಕು.

ಡಿಮೆನ್ಷಿಯಾದಲ್ಲಿ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಮರೆವಿನ ಕಾಯಿಲೆಯಲ್ಲಿ, ಕಳ್ಳತನದ ಆರೋಪ ತುಂಬಾ ಸಾಮಾನ್ಯ. ವಸ್ತು ಎಲ್ಲಿಟ್ಟೆ ಎನ್ನುವುದಷ್ಟೇ ಅಲ್ಲ, ತಾನು ಇಟ್ಟಿದ್ದೇ ಅವರಿಗೆ ನೆನಪಿರುವುದಿಲ್ಲ. ಇಟ್ಟ ಜಾಗದಲ್ಲಿ ಇಲ್ಲ ಅಂದರೆ ಯಾರೋ ತೆಗೆದಿದ್ದಾರೆ, ಅಲ್ವಾ? ದಿನವೂ ಕೋಣೆಗೆ ಬಂದು ಹೋಗುವವಳ ಮೇಲೇ ಅನುಮಾನ ಹೋಗುತ್ತದೆ. ಹಾಗಾಗಿ ಯಾರು ಜಾಸ್ತಿ ಸೇವೆ ಮಾಡುತ್ತಾರೋ ಅವರೇ ಜಾಸ್ತಿ ಬೈಸಿಕೊಳ್ಳುತ್ತಾರೆ. ಇದನ್ನು ಸವಿತಾಗೆ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಅತ್ತೆಗೆ ನನ್ನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದರು.

ಮುಂದಿನ ಭೇಟಿಗೆ ಗಂಡ ಮಂಜುನಾಥರೂ ಬಂದರು. "ಅಮ್ಮನಿಗೆ ಮರೆವು ಇದೆಯಾ?" ಎಂದು ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಒಂದೇ ಉತ್ತರ: "ವಯಸ್ಸಾಯ್ತಲ್ಲ ಮೇಡಂ, ಇದ್ದದ್ದೇ." ನಾನು ಕೇಳುವುದು ಬೇರೆ. ಐದು ವರ್ಷದ ಹಿಂದೆ ಅಮ್ಮ ಮನೆಯಲ್ಲಿ ಏನೇನು ಕೆಲಸ ನೋಡಿಕೊಳ್ಳುತ್ತಿದ್ದರು? ಈಗ ಒಂದೊಂದನ್ನೂ ಯಾರು ಮಾಡುತ್ತಾರೆ?

ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸರೋಜಮ್ಮನ ಒಬ್ಬಟ್ಟು ಇಡೀ ಬಳಗಕ್ಕೆ ಹೆಸರುವಾಸಿ. ಮೂರು ಯುಗಾದಿಯ ಹಿಂದೆ ಹೂರಣ ನೀರಾಗಿ ಕಟ್ಟಲೇ ಬರಲಿಲ್ಲ. ಮುಂದಿನ ವರ್ಷ, "ಮಂಡಿ ನೋವು, ನೀನೇ ಮಾಡವ್ವ" ಎಂದು ಸೊಸೆಗೆ ಬಿಟ್ಟುಕೊಟ್ಟರು. ಬಾಗಿಲಿಗೆ ಚುಕ್ಕಿ ರಂಗೋಲಿ ಬಿಡುತ್ತಿದ್ದವರು ನಾಲ್ಕು ಎಳೆ ಎಳೆದು ಒಳಗೆ ಬರತೊಡಗಿದರು. ಅದಕ್ಕೂ ಮಂಡಿ ನೋವೇ ಕಾರಣ. ಹಾಲಿನ ಲೆಕ್ಕ, ಸಂಘದ ಕಂತು, ಯಾರ ಮನೆಗೆ ಎಷ್ಟು ಮುಯ್ಯಿ ಎನ್ನುವುದು, ಎಲ್ಲವೂ ಮೆಲ್ಲಗೆ ಮಾವನ ಕೈಗೆ ಹೋಗಿತ್ತು. ಬಿಪಿ ಮಾತ್ರೆಯನ್ನು ಮಾವನೇ ಎರಡು ಹೊತ್ತೂ ಅಂಗೈಗೆ ಹಾಕುತ್ತಿದ್ದರು. ಮದುವೆ ಮನೆಯಲ್ಲಿ ಯಾರಾದರೂ ಎದುರಾದರೆ, "ಇವನು ನಮ್ಮ ಶಿವಣ್ಣನ ಎರಡನೇ ಮಗ ಕಣೆ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಒಮ್ಮೆ ದೇವಸ್ಥಾನದಿಂದ ಬರುವಾಗ ಸರೋಜಮ್ಮ ದಾರಿ ತಪ್ಪಿದ್ದರು. ಅವತ್ತಿನಿಂದ ಮಾವ ದಿನವೂ ಜೊತೆಗೆ ಹೊರಟರು. ಈ ವಯಸ್ಸಿನಲ್ಲಿ ಎಂಥ ಅನ್ಯೋನ್ಯತೆ ಎಂದು ಬೀದಿಯವರು ಮೆಚ್ಚಿಕೊಂಡಿದ್ದರು.

ಗೊನೆ ಬಿಟ್ಟ ಬಾಳೆಗೆ ಕೊಟ್ಟ ಊರೆಗೋಲಿನಂತೆ ಮಾವ ನಿಂತಿದ್ದರು. ಎಂಟು ತಿಂಗಳ ಹಿಂದೆ ಅವರು ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಸರೋಜಮ್ಮ ಬೇರೆಯೇ ಮನುಷ್ಯರಂತೆ ಕಾಣತೊಡಗಿದರು. ಗಂಡ ಹೋದ ದುಃಖ ಎಂದು ಎಲ್ಲರೂ ಸುಮ್ಮನಾದರು. ದುಃಖ ಇತ್ತು, ಸುಳ್ಳಲ್ಲ. ಆದರೆ ಕಾಯಿಲೆ ಆವತ್ತು ಶುರುವಾದದ್ದಲ್ಲ. ಅದನ್ನು ಮುಚ್ಚಿ ಹಿಡಿದಿದ್ದ ಕೈ ಆವತ್ತು ಇಲ್ಲವಾಯಿತು, ಅಷ್ಟೇ.

ನಮ್ಮ ಕಡೆ ಈ ಕಾಯಿಲೆ ತಡವಾಗಿ ಗೊತ್ತಾಗಲು ಇದೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ. ಅರಿವಿಲ್ಲ, ಡಾಕ್ಟರ್ ಕಡಿಮೆ ಎನ್ನುವುದೆಲ್ಲ ನಿಜ. ಆದರೆ ಅದಕ್ಕೂ ಮೊದಲು ಮನೆ ಇದೆ. ನಮ್ಮಲ್ಲಿ ಹಿರಿಯರು ಕೆಲಸ ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ. "ಇಷ್ಟು ವರ್ಷ ದುಡಿದಿದ್ದೀರಿ, ಕೂತ್ಕೊಳ್ಳಿ" ಎಂದು ಪ್ರೀತಿಯಿಂದಲೇ ಕೈಯಿಂದ ಸೌಟು ಇಸಿದುಕೊಳ್ಳುತ್ತೇವೆ. ಒಬ್ಬರ ಕೆಲಸವನ್ನು ನಾಲ್ಕು ಜನ ಹಂಚಿಕೊಂಡಾಗ ಎಷ್ಟು ಕೈತಪ್ಪಿದೆ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಒಂಟಿಯಾಗಿ ಇರುವವರಲ್ಲಿ ಕರೆಂಟ್ ಬಿಲ್ಲು ಕಟ್ಟದೆ ಉಳಿದಾಗಲಾದರೂ ಯಾರಿಗಾದರೂ ಗೊತ್ತಾಗುತ್ತದೆ. ತುಂಬಿದ ಮನೆಯಲ್ಲಿ ಅದೂ ಇಲ್ಲ.

ದೇಶದ ಹಿರಿಯರಲ್ಲಿ ಡಿಮೆನ್ಷಿಯಾ ಎಷ್ಟಿದೆ ಎಂದು ನೋಡಿದ, 2023ರಲ್ಲಿ ಬಂದ ಲಾಸಿ-ಡ್ಯಾಡ್ ಎಂಬ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಜಾಸ್ತಿ. ಪ್ರಪಂಚದಲ್ಲಿ ಈ ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಅದು ಪತ್ತೆಯೇ ಆಗಿಲ್ಲ ಎಂದು 2021ರ ವಿಶ್ವ ಅಲ್ಝೈಮರ್ ವರದಿ ಅಂದಾಜು ಮಾಡಿತ್ತು. ಸರೋಜಮ್ಮ ಮೂರು ವರ್ಷದಿಂದ ಆ ಮೂವರಲ್ಲಿ ಒಬ್ಬರಾಗಿದ್ದರು.

ಡಾಕ್ಟರ ಬಳಿ ಹೋಗಿರಲಿಲ್ಲ ಅಂತಲ್ಲ. ತಿಂಗಳಿಗೊಮ್ಮೆ ಹೋಗುತ್ತಿದ್ದರು. ಬಿಪಿ ನೋಡಿ, "ಹೇಗಿದ್ದೀರಮ್ಮ?" ಅಂದರೆ, "ದೇವರ ದಯೆ, ಚೆನ್ನಾಗಿದೀನಿ" ಎನ್ನುತ್ತಿದ್ದರು. ಐದು ನಿಮಿಷದ ಮಾತಿಗೆ ಬೇಕಾದ ನಗು, ಕುಶಲ ಪ್ರಶ್ನೆ, ಮರ್ಯಾದೆ ಎಲ್ಲವೂ ಈ ಕಾಯಿಲೆಯಲ್ಲಿ ಬಹಳ ಕಾಲ ಉಳಿದಿರುತ್ತದೆ. ಪುಣೆಯಲ್ಲಿರುವ ಮಗಳು ರೂಪಾ ಇದೇ ಕಾರಣಕ್ಕೆ ನಂಬಲಿಲ್ಲ. ವಿಡಿಯೊ ಕಾಲ್‌ನಲ್ಲಿ ಅಮ್ಮ ಸರಿಯಾಗೇ ಮಾತಾಡುತ್ತಾರೆ, ಊಟ ಆಯ್ತಾ ಮಗಳೇ ಅಂತಾರೆ, ಮದುವೆಗೆ ಮುಂಚಿನ ಕಥೆ ಪೂರ್ತಿ ಹೇಳುತ್ತಾರೆ. "ನಲವತ್ತು ವರ್ಷದ ಹಿಂದಿನದು ನೆನಪಿದೆ, ಮರೆವಿನ ಕಾಯಿಲೆ ಹೇಗೆ ಆಗುತ್ತೆ? ಸವಿತಾಗೆ ಅಮ್ಮ ಬೇಡವಾಗಿದ್ದಾಳೆ" ಎಂದು ತಮ್ಮನ ಹತ್ತಿರ ಜಗಳವಾಡಿದ್ದರು.

ಹಳೆಯದು ನೆನಪಿರುವುದು ಮರೆವಿನ ಕಾಯಿಲೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಅಲ್ಝೈಮರ್. ಅದು ಸಾಮಾನ್ಯವಾಗಿ ಮೊದಲು ಹಾಳು ಮಾಡುವುದು ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು. ಹೊಸದನ್ನು ನೆನಪಿನಲ್ಲಿ ಕೂರಿಸುವ ಕೆಲಸ ಅದರದು. ಹಾಗಾಗಿ ಮದುವೆಯ ದಿನ ಉಟ್ಟ ಸೀರೆಯ ಬಣ್ಣ ಹೇಳುವವರು ಬೆಳಿಗ್ಗೆ ತಿಂದ ತಿಂಡಿ ಹೇಳಲಾರರು. ರೂಪಾಗೆ ಫೋನಿನಲ್ಲಿ ನಾನು ಕೇಳಿಕೊಂಡದ್ದು ಒಂದೇ. ನನ್ನ ಮಾತು ನಂಬಬೇಡಿ, ರಜೆ ಹಾಕಿ ಬಂದು ಹದಿನೈದು ದಿನ ಅಮ್ಮನ ಕೋಣೆಯಲ್ಲೇ ಮಲಗಿ. ಅವರು ಬಂದರು. ನಡುರಾತ್ರಿ ಎದ್ದು, "ನಿಮ್ಮಪ್ಪ ಸ್ಕೂಲಿಂದ ಇನ್ನೂ ಬಂದಿಲ್ಲ" ಎಂದು ಅಮ್ಮ ಬಾಗಿಲು ತೆಗೆಯಲು ಹೋದದ್ದನ್ನು ಕಣ್ಣಾರೆ ಕಂಡರು. ಮರುದಿನ ಸವಿತಾ ಕೈ ಹಿಡಿದು ಅತ್ತರಂತೆ. ಆ ಮನೆಗೆ ಅದು ದೊಡ್ಡ ಔಷಧ.

ಇನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. "ಹುಚ್ಚರ ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ಜನ ಏನಂತಾರೆ" ಎನ್ನುವುದು ಮಂಜುನಾಥರ ಹೆದರಿಕೆ. ಮಗಳ ಮದುವೆ ವಯಸ್ಸು ಹತ್ತಿರ ಬರುತ್ತಿದೆ ಎಂಬ ಚಿಂತೆಯೂ ಇತ್ತು. ಡಿಮೆನ್ಷಿಯಾ ಹುಚ್ಚಲ್ಲ, ಮೆದುಳಿನ ನರಕೋಶಗಳು ಸಾಯುತ್ತಾ ಬರುವ ಕಾಯಿಲೆ ಎಂದು ವಿವರಿಸಿದೆ. ಎಪ್ಪತ್ತರ ಹತ್ತಿರ ಶುರುವಾದದ್ದು ಮಕ್ಕಳು ಮೊಮ್ಮಕ್ಕಳಿಗೆಲ್ಲ ಬಂದೇ ಬರುತ್ತದೆ ಎಂದೇನೂ ಇಲ್ಲ ಎಂದೂ ಹೇಳಿದೆ.

ಅಮ್ಮನ ಎದುರಿಗೇ "ಇವರಿಗೆ ಎಲ್ಲಾ ಮರೆತುಹೋಗುತ್ತೆ" ಎಂದು ಡಾಕ್ಟರಿಗೆ ಹೇಳಬೇಡಿ ಎಂದೆ. ಅದು ಅವಮಾನ, ಅವರು ಅಲ್ಲೇ ಎದ್ದು ಹೊರಡುತ್ತಾರೆ. ಬದಲಿಗೆ ಏನು ಕೈಬಿಟ್ಟಿದ್ದಾರೆ, ಯಾವಾಗಿನಿಂದ, ಎಂದು ಒಂದು ಹಾಳೆಯಲ್ಲಿ ಬರೆದು ಮೊದಲೇ ಕೊಡಿ. ಒಬ್ಬಟ್ಟು, ರಂಗೋಲಿ, ದಾರಿ ತಪ್ಪಿದ್ದು, ಬ್ಯಾಂಕಿನಲ್ಲಿ ಸಹಿ ಹೊಂದದೆ ಚೀಟಿ ವಾಪಸ್ ಬಂದದ್ದು, ಎಲ್ಲ ಬರಲಿ. ಡಾಕ್ಟರುಗಳೂ ಮನೆಯವರ ಮಾತಿಗೆ ಬೆಲೆ ಕೊಡುತ್ತಾರೆ. ಎಡಿ-8 ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು ಹತ್ತಿರದವರಿಗೆ ಕೇಳುವ ಸಲುವಾಗಿಯೇ ಮಾಡಿದ್ದಾರೆ. ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ "ಬದಲಾಗಿದೆ" ಎಂಬ ಉತ್ತರ ಬಂದರೆ ಮುಂದಿನ ತಪಾಸಣೆ ಬೇಕು ಎಂದರ್ಥ.

ಸರೋಜಮ್ಮ ಓದಿದ್ದು ನಾಲ್ಕನೇ ಕ್ಲಾಸು. ಇದೂ ಒಂದು ತೊಡಕು. ತುಂಬಾ ಕಡೆ ಬಳಸುವ 30 ಅಂಕದ ಪರೀಕ್ಷೆಯಲ್ಲಿ 100ರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತಾರೆ, ವಾಕ್ಯ ಬರೆಯಿರಿ ಎನ್ನುತ್ತಾರೆ. ಶಾಲೆ ಕಾಣದವರಿಗೆ ಅಂಕ ಕಡಿಮೆ ಬಂದರೆ ಓದಿಲ್ಲವಲ್ಲ ಎಂದು ಬಿಟ್ಟುಬಿಡುವ ಅಪಾಯ ಇದೆ. ಚೆನ್ನಾಗಿ ಓದಿದವರು ಕಾಯಿಲೆ ಇದ್ದೂ ಒಳ್ಳೆಯ ಅಂಕ ತೆಗೆದು ಮನೆಗೆ ಬರುವುದೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛ ಸಿದ್ಧಮಾಡಿದೆ, ಅದರಲ್ಲಿ ಕನ್ನಡವೂ ಇದೆ. ಹಾಗಾಗಿ ಕನ್ನಡದಲ್ಲೇ ಪರೀಕ್ಷೆ ಮಾಡಿ ಎಂದು ಕೇಳಲು ಹಿಂಜರಿಯಬೇಡಿ ಎಂದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಶುರುಮಾಡಿದೆ. ನಾನು ಮೊದಲು ಕಳಿಸಿದ್ದು ಅಲ್ಲಿಗೇ.

ಪರೀಕ್ಷೆ ಯಾಕೆ ಬೇಕು, ಹೇಗೂ ವಾಸಿಯಾಗುವ ಕಾಯಿಲೆ ಅಲ್ಲವಲ್ಲ ಎಂದು ಮಂಜುನಾಥರು ಕೇಳಿದ್ದರು. ಈ ಪ್ರಶ್ನೆ ಕೇಳದ ಮನೆ ಕಡಿಮೆ. ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಕಟ್ಟಿಕೊಂಡ ರಕ್ತ, ಮೂತ್ರದ ಸೋಂಕು, ಕಿವಿ ಮಂದವಾಗಿರುವುದು, ಇವುಗಳಿಂದಲೂ ಹಿರಿಯರು ಗಲಿಬಿಲಿಗೊಂಡವರಂತೆ ಕಾಣುತ್ತಾರೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಸರೋಜಮ್ಮನಿಗೆ ಬಿ12 ತೀರಾ ಕಡಿಮೆ ಇತ್ತು. ಗಂಡ ಹೋದ ಮೇಲೆ ನಿದ್ದೆ ಬರಲಿ ಎಂದು ಕೊಟ್ಟಿದ್ದ ಮಾತ್ರೆ ಹಾಗೇ ಮುಂದುವರಿದಿತ್ತು. ಮಂಪರು, ತಡಕಾಟ ಅದರಿಂದಲೂ ಹೆಚ್ಚಾಗಿತ್ತು. ಡಾಕ್ಟರು ಅದನ್ನು ಹಂತ ಹಂತವಾಗಿ ನಿಲ್ಲಿಸಿ, ಬಿ12 ಇಂಜೆಕ್ಷನ್ ಕೊಟ್ಟರು. ಹಗಲಿನ ಮಂಪರು ಹೋಯಿತು, ಮುಖ ಸ್ವಲ್ಪ ಗೆಲುವಾಯಿತು. ಮರೆವು ಮಾತ್ರ ಉಳಿಯಿತು. ಸ್ಕ್ಯಾನ್ ಮತ್ತು ವಿವರವಾದ ಪರೀಕ್ಷೆಗಳ ನಂತರ ಅಲ್ಝೈಮರ್ ಎಂದು ಹೇಳಿದರು. ಡೊನೆಪೆಜಿಲ್ ಎಂಬ ಮಾತ್ರೆ ಶುರುವಾಗಿದೆ. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ದಿನದ ಬದುಕನ್ನು ಸಲೀಸು ಮಾಡುತ್ತದೆ. ಇದನ್ನು ಮನೆಯವರಿಗೆ ಮರೆಮಾಚದೆ ಹೇಳಿದ್ದೇವೆ.

ಸವಿತಾಗೆ ನಾನು ಹೇಳಿದ್ದು: ಸರ ಕದ್ದೆ ಅಂದಾಗ ವಾದ ಮಾಡಬೇಡಿ, ಸಾಕ್ಷಿ ತೋರಿಸಬೇಡಿ. "ಹೌದಾ ಅತ್ತೆ, ಬನ್ನಿ ಹುಡುಕೋಣ" ಎಂದು ಜೊತೆಗೆ ಹೋಗಿ. ಸಿಕ್ಕಾಗ ಅವರ ಕೈಯಲ್ಲೇ ಎತ್ತಿಸಿ. ಬೆಲೆಬಾಳುವ ಒಡವೆ ಲಾಕರಿಗೆ ಹೋಗಲಿ, ಹಾಕಿಕೊಳ್ಳಲು ಅದೇ ಥರದ್ದು ಉಮಾಗೋಲ್ಡ್ ಸರ ಇರಲಿ. ಅಡುಗೆ ಮನೆಯಿಂದ ಅವರನ್ನು ಪೂರ್ತಿ ಹೊರಗಿಡಬೇಡಿ. ಸೊಪ್ಪು ಬಿಡಿಸುವುದು, ಅವರೆಕಾಳು ಸುಲಿಯುವುದು ಅವರ ಕೈಗೆ ಇನ್ನೂ ಚೆನ್ನಾಗಿ ಗೊತ್ತು. ಮತ್ತೆ ವಾರಕ್ಕೆ ಒಂದು ದಿನ ಸಂಜೆ ಸವಿತಾ ಮನೆಯಿಂದ ಹೊರಗಿರಬೇಕು, ಆ ದಿನ ಮಂಜುನಾಥರೇ ನೋಡಿಕೊಳ್ಳಬೇಕು ಎಂದು ಒಪ್ಪಿಸಿದೆ. ಇದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ನೋಡಿಕೊಳ್ಳುವವರು ಕುಸಿದರೆ ಇಬ್ಬರು ರೋಗಿಗಳಾಗುತ್ತಾರೆ. ತೀರಾ ಕುಗ್ಗಿದಂತೆ ಅನ್ನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ (14416) ಕರೆ ಮಾಡಬಹುದು, ಹಿರಿಯರ ವಿಷಯದ ಸಲಹೆಗೆ 14567 ಇದೆ ಎಂದು ಬರೆದುಕೊಟ್ಟೆ.

ಕಾಯಿಲೆಯ ಹೆಸರನ್ನು ಅಮ್ಮನಿಗೆ ಹೇಳಬೇಕಾ ಎಂಬುದರ ಮೇಲೆ ಅಕ್ಕ-ತಮ್ಮನಿಗೆ ಒಮ್ಮತ ಇರಲಿಲ್ಲ. ಹೇಳಬೇಕು ಎನ್ನುವುದು ನನ್ನ ನಿಲುವು. ಅವರು ಕೇಳಿದಷ್ಟು, ಅವರಿಗೆ ತಡೆಯುವಷ್ಟು. ಸರೋಜಮ್ಮನೇ ಒಂದು ದಿನ, "ನನ್ನ ತಲೆ ಸರಿ ಇಲ್ಲ ಅಲ್ಲೇನೋ?" ಎಂದು ಮಗನನ್ನು ಕೇಳಿದರು. ಏನಿಲ್ಲ ಬಿಡಮ್ಮ ಎನ್ನದೆ, ಹೌದು, ಮರೆವಿನ ಕಾಯಿಲೆ ಇದೆ, ನಾವೆಲ್ಲ ಜೊತೆಗಿದ್ದೇವೆ ಎಂದು ಮಂಜುನಾಥರು ಹೇಳಿದರು. ಆಗ ಅವರು ಹೇಳಿದ ಮೊದಲ ಮಾತು ಮನೆಯ ಹಿಂದಿನ ಸೈಟಿನದು. ಅದು ರೂಪಾಗೆ ಹೋಗಬೇಕು, ಎರಡೆಳೆ ಸರ ಸವಿತಾಗೆ.

ಬೇಗ ಗೊತ್ತಾಗುವುದರ ಬೆಲೆ ಇಲ್ಲೂ ಇದೆ. ವಿಲ್ ಬರೆಯಲು ಸ್ವಸ್ಥ ಮನಸ್ಸು ಬೇಕು. ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ಅಂದರೆ ಜಿಪಿಎ, ಈಗ ಮಾಡಿಸಿಟ್ಟರೆ ಮುಂದೆಯೂ ನಡೆಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದೂ ಬಿದ್ದುಹೋಗುತ್ತದೆ. ಸರೋಜಮ್ಮ ಬೆಳಿಗ್ಗೆ ಹೊತ್ತು ಇನ್ನೂ ತಮ್ಮ ಇಷ್ಟವನ್ನು ಸ್ಪಷ್ಟವಾಗಿ, ಪ್ರತಿ ಸಲವೂ ಒಂದೇ ರೀತಿ ಹೇಳುತ್ತಾರೆ. ವಕೀಲರನ್ನು ನೋಡಿಯಾಗಿದೆ. ತಿಳಿದು ನಿರ್ಧರಿಸಬಲ್ಲರು ಎಂದು ಡಾಕ್ಟರು ಪತ್ರ ಕೊಟ್ಟಿದ್ದಾರೆ. ಬರುವ ವಾರ ರೂಪಾ ಊರಿಗೆ ಬಂದಾಗ ಎಲ್ಲರೂ ಸೇರಿ ಬೆಳಿಗ್ಗೆಯೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಎಂದು ಗೊತ್ತಾಗಿದೆ. ಬೇರೆ ಮನೆ ಮಾಡುವ ಮಾತನ್ನು ಸವಿತಾ ಸದ್ಯಕ್ಕೆ ಬದಿಗಿಟ್ಟಿದ್ದಾರೆ. ಹಗಲು ಹೊತ್ತಿಗೆ ಒಬ್ಬ ಆಯಾ ಇಟ್ಟುಕೊಳ್ಳುವ ಖರ್ಚನ್ನು ಅಕ್ಕ-ತಮ್ಮ ಹೇಗೆ ಹಂಚಿಕೊಳ್ಳಬೇಕು ಎನ್ನುವುದನ್ನು ಮುಂದಿನ ಭೇಟಿಯಲ್ಲಿ ಮಾತಾಡಲಿದ್ದೇವೆ.