ದಿನದ ಕ್ಯಾಲೊರಿ ಗುರಿ: ಚಟುವಟಿಕೆಯ ಮಟ್ಟವನ್ನು ಆರಿಸಿಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ, ಆಹಾರತಜ್ಞರ ಉತ್ತರ

ಮೊಬೈಲ್ ಆ್ಯಪ್‌ಗಳಲ್ಲಿ ದಿನದ ಕ್ಯಾಲೊರಿ ಗುರಿಯನ್ನು ನಿಗದಿ ಮಾಡಿಕೊಳ್ಳುವಾಗ ಎದುರಾಗುವ ಒಂದೇ ಪ್ರಶ್ನೆಯ ಸುತ್ತ ಈ ಬಾರಿ ಹಲವು ಪತ್ರಗಳು ಬಂದಿವೆ. ವಯಸ್ಸು, ಎತ್ತರ, ತೂಕಗಳನ್ನು ತುಂಬಿದ ಮೇಲೆ ‘ನಿಮ್ಮ ಚಟುವಟಿಕೆಯ ಮಟ್ಟ ಯಾವುದು’ ಎಂದು ಆ್ಯಪ್ ಕೇಳುತ್ತದೆ. ಮೊದಲ ಮೂರಕ್ಕೆ ಅಳತೆಯಿದೆ, ನಾಲ್ಕನೆಯದಕ್ಕೆ ನಮ್ಮ ಅಂದಾಜೇ ಆಧಾರ. ಲೆಕ್ಕ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ: ನನಗೆ 42 ವರ್ಷ, ಎತ್ತರ 168 ಸೆಂ.ಮೀ., ತೂಕ 74 ಕೆ.ಜಿ. ಬ್ಯಾಂಕಿನಲ್ಲಿ ಉದ್ಯೋಗ. ಬೆಳಿಗ್ಗೆ ಮುಕ್ಕಾಲು ಗಂಟೆ ತಪ್ಪದೆ ವಾಕಿಂಗ್ ಮಾಡುತ್ತೇನೆ. ಅದಕ್ಕಾಗಿ ‘ಮಾಡರೇಟ್’ ಮಟ್ಟವನ್ನು ಆರಿಸಿಕೊಂಡೆ. ದಿನಕ್ಕೆ 500 ಕ್ಯಾಲೊರಿ ಕಡಿತ ಮಾಡಿ 1,960ರ ಗುರಿಯನ್ನು ಆ್ಯಪ್ ಕೊಟ್ಟಿದೆ. ವಾಕಿಂಗ್ ದಾಖಲಿಸಿದ ದಿನ ಇನ್ನೂ 250 ಕ್ಯಾಲೊರಿ ತಿನ್ನಬಹುದು ಎನ್ನುತ್ತದೆ. ಅದರಂತೆಯೇ ನಡೆದುಕೊಂಡರೂ ಎರಡು ತಿಂಗಳಿಂದ ತೂಕ ಇದ್ದಲ್ಲೇ ಇದೆ. ತಪ್ಪು ಎಲ್ಲಿದೆ?
(ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಶಿಸ್ತಿನಲ್ಲಿ ಕೊರತೆಯಿಲ್ಲ, ಲೆಕ್ಕದ ಆರಂಭದಲ್ಲೇ ತೊಡಕಿದೆ. ಬಹುತೇಕ ಆ್ಯಪ್‌ಗಳು ಮೊದಲು ದೇಹವು ಸುಮ್ಮನೆ ಮಲಗಿದ್ದರೂ ಖರ್ಚು ಮಾಡುವ ಶಕ್ತಿಯನ್ನು, ಅಂದರೆ ಬಿಎಂಆರ್ ಅನ್ನು, ಅಂದಾಜು ಮಾಡುತ್ತವೆ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರವು ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ತೂಕದ ಹತ್ತು ಪಟ್ಟು, ಸೆಂಟಿಮೀಟರ್ ಲೆಕ್ಕದ ಎತ್ತರದ ಆರೂಕಾಲು ಪಟ್ಟು, ಇವೆರಡನ್ನು ಕೂಡಿಸಿ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಅದಕ್ಕೆ ಗಂಡಸರಾದರೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ನಿಮ್ಮ ಮಟ್ಟಿಗೆ ಇದು 1,585 ಕ್ಯಾಲೊರಿ ಆಗುತ್ತದೆ. ಆ ಮೇಲೆ ನೀವು ಆರಿಸಿದ ಮಟ್ಟಕ್ಕೆ ತಕ್ಕಂತೆ 1.2, 1.375, 1.55, 1.725 ಅಥವಾ 1.9ರಿಂದ ಅದನ್ನು ಗುಣಿಸಲಾಗುತ್ತದೆ. ‘ಮಾಡರೇಟ್’ ಎಂದರೆ 1.55. ಹಾಗಾಗಿ ನೀವು ದಿನಕ್ಕೆ ಸುಮಾರು 2,460 ಕ್ಯಾಲೊರಿ ಖರ್ಚು ಮಾಡುತ್ತೀರಿ ಎಂದು ಆ್ಯಪ್ ನಂಬಿಕೊಂಡಿದೆ.

ಈಗ ನಿಮ್ಮ ಇಪ್ಪತ್ತನಾಲ್ಕು ಗಂಟೆಗಳನ್ನು ಬಿಡಿಸಿ ನೋಡೋಣ. ವಿಶ್ರಾಂತಿಯಲ್ಲಿ ದೇಹಕ್ಕೆ ತಗಲುವ ಖರ್ಚನ್ನು 1 ಎಂದಿಟ್ಟುಕೊಂಡರೆ, ನಿದ್ರೆಯ ಏಳೂವರೆ ಗಂಟೆಗೆ 1ರಂತೆ 7.5, ಬ್ಯಾಂಕಿನ ಕುರ್ಚಿಯಲ್ಲಿ ಕಳೆಯುವ ಎಂಟು ಗಂಟೆಗೆ 1.4ರಂತೆ 11.2, ಸ್ನಾನ, ಊಟ, ಉಡುಪಿನ ಎರಡು ಗಂಟೆಗೆ 3.2, ಟಿವಿ ಮತ್ತು ಮೊಬೈಲಿನ ಮೂರು ಗಂಟೆಗೆ 3.6, ಸ್ಕೂಟರಿನ ಮುಕ್ಕಾಲು ಗಂಟೆಗೆ 1.5, ತರಕಾರಿ ತರುವುದೇ ಮೊದಲಾದ ಓಡಾಟದ ಎರಡು ಗಂಟೆಗೆ 4.6, ಕೊನೆಗೆ ಬಿರುಸಿನ ವಾಕಿಂಗಿನ ಮುಕ್ಕಾಲು ಗಂಟೆಗೆ 2.85. ಒಟ್ಟು 34.45. ಇದನ್ನು 24ರಿಂದ ಭಾಗಿಸಿದರೆ ಸಿಗುವುದು 1.44. ನಿಮ್ಮ ದಿನಚರಿಯನ್ನು ನಾನು ಊಹಿಸಿಕೊಂಡಿದ್ದೇನೆ, ನಿಮ್ಮ ಗಂಟೆಗಳನ್ನು ಹಾಕಿ ನೀವೇ ಮತ್ತೊಮ್ಮೆ ಕೂಡಿಸಿ. ಆದರೆ ಮೇಜಿನ ಕೆಲಸವಿರುವವರ ಫಲಿತಾಂಶ ಇದರಿಂದ ಬಹಳ ದೂರ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್ಎಒ) ಸೇರಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ 1.40ರಿಂದ 1.69ರವರೆಗಿನದ್ದೆಲ್ಲವೂ ಕುಳಿತು ಮಾಡುವ ಅಥವಾ ಹಗುರ ಚಟುವಟಿಕೆಯ ಜೀವನವೇ ಆಗಿದೆ.

ಇದೇ ಲೆಕ್ಕದಲ್ಲಿ ವಾಕಿಂಗನ್ನು ತೆಗೆದು, ಆ ಮುಕ್ಕಾಲು ಗಂಟೆಯೂ ಕುಳಿತೇ ಇದ್ದಿರಿ ಎಂದುಕೊಂಡರೆ ಉತ್ತರ 1.36 ಆಗುತ್ತದೆ. ಎಂದರೆ ನಿಮ್ಮ ಬೆಳಗಿನ ನಡಿಗೆ ಇಡೀ ದಿನದ ಮಟ್ಟವನ್ನು ಏರಿಸುವುದು 0.08ರಷ್ಟು, ಕ್ಯಾಲೊರಿಯಲ್ಲಿ ಹೇಳುವುದಾದರೆ ಸುಮಾರು 125. ಹೃದಯಕ್ಕೆ, ರಕ್ತದ ಸಕ್ಕರೆಗೆ, ನಿದ್ರೆಗೆ ಆ ನಡಿಗೆಯಿಂದ ಆಗುವ ಉಪಕಾರ ಬಹಳ ದೊಡ್ಡದು, ದಯವಿಟ್ಟು ಅದನ್ನು ಬಿಡಬೇಡಿ. ಆದರೆ ಚಟುವಟಿಕೆಯ ಮಟ್ಟವನ್ನು ನಿರ್ಧರಿಸುವುದು ವ್ಯಾಯಾಮದ ಆ ಒಂದು ಅವಧಿಯಲ್ಲ, ಎಚ್ಚರವಾಗಿರುವ ಉಳಿದ ಹದಿನೈದು ಹದಿನಾರು ಗಂಟೆಗಳು.

ನಿಮ್ಮ ನಿಜವಾದ ಖರ್ಚು 2,275ರ ಆಸುಪಾಸಿನಲ್ಲಿದೆ. ಆ್ಯಪ್ ಕೊಟ್ಟ 1,960ಕ್ಕೆ ವಾಕಿಂಗಿನ 250 ಸೇರಿಸಿದರೆ ನೀವು ತಿನ್ನುತ್ತಿರುವುದು 2,210. ಐನೂರರ ಕಡಿತ ಎಂದು ನೀವು ಭಾವಿಸಿದ್ದು ವಾಸ್ತವದಲ್ಲಿ ಅರವತ್ತೈದರ ಕಡಿತ. ಎರಡು ತಿಂಗಳಲ್ಲಿ ಅದರಿಂದ ಇಳಿಯಬಹುದಾದ ತೂಕ ಅರ್ಧ ಕಿಲೋ. ಉಪ್ಪು, ನೀರುಗಳಿಂದಾಗುವ ದಿನನಿತ್ಯದ ಏರಿಳಿತದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ವಾಕಿಂಗ್ ಎರಡು ಸಲ ಲೆಕ್ಕಕ್ಕೆ ಬಂದಿರುವುದನ್ನು ಗಮನಿಸಿ. ಮಟ್ಟವನ್ನು ಆರಿಸುವಾಗ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ, ದಾಖಲಿಸುವಾಗ ಮತ್ತೆ ಪಡೆದುಕೊಂಡಿದ್ದೀರಿ. ಕೆಲವು ಆ್ಯಪ್‌ಗಳಲ್ಲಿ ಮಟ್ಟದೊಳಗೇ ವ್ಯಾಯಾಮವೂ ಸೇರಿರುತ್ತದೆ. ಮೈಫಿಟ್‌ನೆಸ್‌ಪಾಲ್‌ನಂಥವುಗಳಲ್ಲಿ ಮಟ್ಟವೆಂದರೆ ವ್ಯಾಯಾಮವನ್ನು ಬಿಟ್ಟು ಉಳಿದ ದಿನ ಮಾತ್ರ, ವ್ಯಾಯಾಮವನ್ನು ಬೇರೆಯಾಗಿ ಕೂಡಿಸಲಾಗುತ್ತದೆ. ನಿಮ್ಮದು ಯಾವ ಬಗೆಯದೆಂದು ತಿಳಿಯುವುದು ಸುಲಭ: ವ್ಯಾಯಾಮ ದಾಖಲಿಸಿದೊಡನೆ ದಿನದ ಗುರಿ ಏರುವುದಾದರೆ ಅದು ಎರಡನೆಯ ಬಗೆಯದು. ನೀವು ಮಟ್ಟವನ್ನು ‘ಲೈಟ್’ಗೆ ಇಳಿಸಿ, ವಾಕಿಂಗ್ ದಾಖಲಿಸುವುದನ್ನು ನಿಲ್ಲಿಸಿ, 1,700ರಿಂದ 1,775ರ ನಡುವೆ ಗುರಿ ಇಟ್ಟುಕೊಳ್ಳಿ. ಪಾಶ್ಚಾತ್ಯರ ಮೇಲೆ ರೂಪಿಸಿದ ಸೂತ್ರಗಳು ಭಾರತೀಯರ ಬಿಎಂಆರ್ ಅನ್ನು ತುಸು ಹೆಚ್ಚಾಗಿ ತೋರಿಸುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹಿಂದಿನ ಶಿಫಾರಸುಗಳಲ್ಲಿ ಅಂತರರಾಷ್ಟ್ರೀಯ ಸೂತ್ರದಿಂದ ಶೇ 5ರಷ್ಟನ್ನು ತಗ್ಗಿಸಿಕೊಂಡಿತ್ತು. ಎರಡು ಮಟ್ಟಗಳ ನಡುವೆ ಅನುಮಾನ ಬಂದಾಗ ಮೇಜಿನ ಕೆಲಸದವರು ಕೆಳಗಿನದನ್ನು ಆರಿಸಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಇದು ಅಂದಾಜೇ. ಅದನ್ನು ತಿದ್ದಿಕೊಳ್ಳುವ ದಾರಿ ನಿಮ್ಮ ತೂಕದ ಯಂತ್ರದಲ್ಲಿಯೇ ಇದೆ. ಮೊದಲ ವಾರ ಇಳಿಯುವುದರಲ್ಲಿ ನೀರಿನ ಪಾಲು ಹೆಚ್ಚಾಗಿರುವುದರಿಂದ ಅದನ್ನು ಬಿಟ್ಟುಬಿಡಿ. ಆಮೇಲಿನ ನಾಲ್ಕು ವಾರ ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ತೂಗಿ ಬರೆದಿಡಿ. ಒಂದೊಂದು ದಿನದ ಅಂಕಿಯನ್ನು ನೋಡದೆ ವಾರದ ಸರಾಸರಿಯನ್ನು ನೋಡಿ. ದಿನಕ್ಕೆ ಸರಾಸರಿ 2,000 ಕ್ಯಾಲೊರಿ ತಿಂದು 28 ದಿನಗಳಲ್ಲಿ 800 ಗ್ರಾಂ ಇಳಿದಿರಿ ಎಂದುಕೊಳ್ಳೋಣ. ಒಂದು ಕಿಲೋ ದೇಹದ ಕೊಬ್ಬಿಗೆ ಸರಿಸುಮಾರು 7,700 ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ ದಿನಕ್ಕೆ 220 ಕ್ಯಾಲೊರಿ ದೇಹದಿಂದಲೇ ಖರ್ಚಾಗಿದೆ. ಆಗ ನಿಮ್ಮ ಒಟ್ಟು ಖರ್ಚು 2,220. ಅದನ್ನು 1,585ರಿಂದ ಭಾಗಿಸಿದರೆ 1.40. ಅದು ನಿಮ್ಮದೇ ಮಟ್ಟ, ಯಾವ ಆ್ಯಪ್‌ನ ಪಟ್ಟಿಗಿಂತಲೂ ಹೆಚ್ಚು ನಂಬಬಹುದಾದದ್ದು. ಒಗ್ಗರಣೆಯ ಎಣ್ಣೆಯನ್ನು ಮಾತ್ರ ಬರೆಯಲು ಮರೆಯಬೇಡಿ. ಒಂದು ಟೀ ಚಮಚಕ್ಕೆ ನಲವತ್ತು ಕ್ಯಾಲೊರಿಗೆ ಕಡಿಮೆಯಿಲ್ಲದ ಅದು ಪಲ್ಯದಲ್ಲಿ, ಸಾರಿನಲ್ಲಿ, ದೋಸೆಯ ಕಾವಲಿಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಪ್ರಶ್ನೆ: ಕೈಗೆ ಕಟ್ಟಿದ ಸ್ಮಾರ್ಟ್ ವಾಚ್ ದಿನಕ್ಕೆ 2,900 ಕ್ಯಾಲೊರಿ ಖರ್ಚಾಗಿದೆ ಎಂದು ತೋರಿಸುತ್ತದೆ. ಅದನ್ನೇ ನಂಬಿದರೆ ಮಟ್ಟ ಆರಿಸುವ ಗೊಡವೆಯೇ ಇರುವುದಿಲ್ಲವಲ್ಲವೇ?
(ಓದುಗರು, ಬೆಂಗಳೂರು)

ಉತ್ತರ: ವಾಚು ಹೆಜ್ಜೆಗಳನ್ನೂ ಹೃದಯದ ಬಡಿತವನ್ನೂ ತಕ್ಕಮಟ್ಟಿಗೆ ಸರಿಯಾಗಿ ಎಣಿಸುತ್ತದೆ, ಕ್ಯಾಲೊರಿಯ ವಿಷಯದಲ್ಲಿ ಹಾಗಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಅತ್ಯುತ್ತಮವಾದದ್ದೂ ಶಕ್ತಿಯ ಖರ್ಚಿನಲ್ಲಿ ಸರಾಸರಿ ಶೇ 27ರಷ್ಟು ತಪ್ಪಿತ್ತು. ಉಪಕರಣಗಳು ಅಂದಿನಿಂದ ಸುಧಾರಿಸಿರಬಹುದು, ಆದರೂ ಆ ಅಂಕಿಯನ್ನು ಊಟದ ಅಳತೆಗೋಲಾಗಿ ಬಳಸಬೇಡಿ. ಈ ವಾರ ಕಳೆದ ವಾರಕ್ಕಿಂತ ಹೆಚ್ಚು ನಡೆದೆನೇ ಎಂದು ಹೋಲಿಸಿಕೊಳ್ಳಲು ಅದು ಸಾಕು.

ಪ್ರಶ್ನೆ: ನಮ್ಮ ತಾಯಿಯವರಿಗೆ ಆ್ಯಪ್ ಹಾಕಿಕೊಟ್ಟಿದ್ದೇನೆ. ವಯಸ್ಸು 38, ಎತ್ತರ 152 ಸೆಂ.ಮೀ., ತೂಕ 52 ಕೆ.ಜಿ. ಅವರು ಹೊರಗೆ ದುಡಿಯುವುದಿಲ್ಲ, ಮನೆಕೆಲಸ ಮತ್ತು ಎರಡು ಹಸು ಅಷ್ಟೆ. ಆದ್ದರಿಂದ ‘ಸೆಡೆಂಟರಿ’ (ಹೆಚ್ಚಾಗಿ ಕುಳಿತೇ ಇರುವವರ ಮಟ್ಟ) ಎಂದು ಹಾಕಿದೆ. ದಿನಕ್ಕೆ 1,200 ಕ್ಯಾಲೊರಿಯ ಗುರಿ ಬಂದಿದೆ. ಮೂರು ವಾರದಿಂದ ತುಂಬಾ ಸುಸ್ತು ಎನ್ನುತ್ತಿದ್ದಾರೆ.
(ಓದುಗರು, ತಿಪಟೂರು ತಾಲ್ಲೂಕು)

ಉತ್ತರ: ಇವತ್ತಿನಿಂದಲೇ ಆ 1,200ರ ಗುರಿಯನ್ನು ತೆಗೆದುಹಾಕಿ. ನಿಮ್ಮ ಪತ್ರದಲ್ಲಿ ‘ಅಷ್ಟೆ’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿತು. ನಸುಕಿನಲ್ಲಿ ಎದ್ದು ಕೊಟ್ಟಿಗೆಯ ಸಗಣಿ ಬಾಚುವುದು, ಹಾಲು ಕರೆಯುವುದು, ಕುಡುಗೋಲು ಹಿಡಿದು ಬದುವಿನ ಹುಲ್ಲು ಕೊಯ್ದು ಹೊರೆ ಹೊತ್ತು ತರುವುದು, ನೀರು ತುಂಬುವುದು, ಬಟ್ಟೆ ಒಗೆಯುವುದು, ಇವೆಲ್ಲವೂ ವಿಶ್ರಾಂತಿಗಿಂತ ಮೂರರಿಂದ ಐದು ಪಟ್ಟು ಶಕ್ತಿ ಬೇಡುವ ಕೆಲಸಗಳು. ನಮ್ಮ ದಾವಣಗೆರೆಯ ಓದುಗರ ಬಿರುಸಿನ ವಾಕಿಂಗು ನಾಲ್ಕು ಪಟ್ಟನ್ನೂ ಮುಟ್ಟುವುದಿಲ್ಲ, ಅದೂ ಮುಕ್ಕಾಲು ಗಂಟೆ ಮಾತ್ರ. ನಿಮ್ಮ ತಾಯಿಯವರು ಅಂಥ ಕೆಲಸವನ್ನು ದಿನಕ್ಕೆ ನಾಲ್ಕೈದು ಗಂಟೆಯಾದರೂ ಮಾಡುತ್ತಿರಬೇಕು. ಸಂಬಳವಿಲ್ಲದ ದುಡಿಮೆಗೂ ದೇಹ ಶಕ್ತಿಯನ್ನು ತೆತ್ತೇ ತೀರಬೇಕು. ಆ್ಯಪ್‌ಗಳ ಪಟ್ಟಿಯಲ್ಲಿ ಆಫೀಸು ಮತ್ತು ಜಿಮ್ ಕಾಣುತ್ತವೆ, ಕೊಟ್ಟಿಗೆ ಕಾಣುವುದಿಲ್ಲ. ಹೀಗಾಗಿ ಹೆಚ್ಚು ದುಡಿಯುವವರೇ ಅತಿ ಕಡಿಮೆಯ ಮಟ್ಟವನ್ನು ಆರಿಸಿಕೊಳ್ಳುವ ಅನ್ಯಾಯ ನಡೆಯುತ್ತಿದೆ. ಮೇಲಿನ ಪತ್ರದಲ್ಲಿ ಆಗಿದ್ದಕ್ಕೆ ಇದು ತದ್ವಿರುದ್ಧವಾದ ತಪ್ಪು, ಅದಕ್ಕಿಂತ ಹೆಚ್ಚು ಹಾನಿಯನ್ನು ಮಾಡುವ ತಪ್ಪು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ 55 ಕೆ.ಜಿ. ತೂಕದ ಮಹಿಳೆಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 1,660, ಮಧ್ಯಮ ದುಡಿಮೆಯಾದರೆ 2,130, ಕಠಿಣ ದುಡಿಮೆಯಾದರೆ 2,720 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಗೆ ಅಲ್ಲಿ ಬಿಎಂಆರ್‌ನ 1.8 ಪಟ್ಟು ಎಂಬ ಲೆಕ್ಕವಿದೆ. ನಿಮ್ಮ ತಾಯಿಯವರ ಬಿಎಂಆರ್ ಸುಮಾರು 1,120 ಆಗುವುದರಿಂದ ಅವರ ಅಗತ್ಯ 2,000ದ ಹತ್ತಿರವಿದೆ. ಅವರಿಗೆ ದಿನಕ್ಕೆ 800 ಕ್ಯಾಲೊರಿ ಖೋತಾ ಆಗುತ್ತಿತ್ತು ಎಂದಾಯಿತು, ಸುಸ್ತಾಗದೆ ಇನ್ನೇನು? ಅಷ್ಟಕ್ಕೂ ಅವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಸೂಚ್ಯಂಕ, 22.5. ಭಾರತೀಯರಿಗೆ 23ರಿಂದ ಮೇಲೆ ಹೋದರೆ ಮಾತ್ರ ಹೆಚ್ಚು ತೂಕವೆಂದು ಎಣಿಸುವುದು. ಅವರು ತೂಕ ಇಳಿಸುವ ಅಗತ್ಯವೇ ನನಗೆ ಕಾಣುತ್ತಿಲ್ಲ.

ಆ್ಯಪ್ ಬೇಕೇಬೇಕೆಂದರೆ ತೂಕ ಕಾಯ್ದುಕೊಳ್ಳುವ ಗುರಿಯನ್ನು ಆರಿಸಿ, ‘ಆ್ಯಕ್ಟಿವ್’ ಮಟ್ಟವನ್ನು ಹಾಕಿ. ಬೆಳಗಿನ ಕೆಲಸ ಮುಗಿಸಿ ಹತ್ತು ಗಂಟೆಗೆ ಮೊದಲ ತುತ್ತು ಎನ್ನುವ ರೂಢಿಯಿದ್ದರೆ ಅದನ್ನು ಬದಲಿಸಿ. ಮುದ್ದೆಯೊಂದಿಗೆ ಕಾಳಿನ ಸಾರು, ಸೊಪ್ಪು, ಒಂದು ಮೊಟ್ಟೆ ಅಥವಾ ಮೊಸರು ಹೊಟ್ಟೆ ತುಂಬ ಸಿಗಲಿ. ಕರೆದ ಹಾಲೆಲ್ಲ ಡೇರಿಗೆ ಹೋಗದೆ ಒಂದು ಲೋಟ ಅವರಿಗೂ ಉಳಿಯಲಿ. ಎರಡು ವಾರದಲ್ಲಿ ಸುಸ್ತು ತಗ್ಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಊಟ ಹೆಚ್ಚಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ಪ್ರಶ್ನೆ: ನಾನು ಮದುವೆ ಮನೆಗಳ ಅಡುಗೆ ಕೆಲಸದವನು. ಸೀಸನ್ನಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ನಿಂತೇ ಇರುತ್ತೇನೆ, ಆಷಾಢದಲ್ಲಿ ಮನೆಯಲ್ಲೇ ಕೂರುತ್ತೇನೆ. ಯಾವ ಮಟ್ಟ ಹಾಕಲಿ?
(ಓದುಗರು, ಕುಂದಾಪುರ)

ಉತ್ತರ: ವರ್ಷಕ್ಕೆಲ್ಲ ಒಂದೇ ಮಟ್ಟ ನಿಮಗೆ ಹೊಂದುವುದಿಲ್ಲ. ದೊಡ್ಡ ಕೊಪ್ಪರಿಗೆ ಎತ್ತಿ ಇಳಿಸುವ, ಹಿಟ್ಟು ನಾದುವ, ಒಲೆಯ ಮುಂದೆ ಸೌಟು ತಿರುವುವ ದಿನಗಳಿಗೆ 1.8ರ ಸುತ್ತಿನ ಮಟ್ಟ, ಬಿಡುವಿನ ತಿಂಗಳಿಗೆ 1.4ರ ಸುತ್ತಿನ ಮಟ್ಟ ಎಂದು ಎರಡು ಗುರಿಗಳನ್ನು ಇಟ್ಟುಕೊಳ್ಳಿ. ನಿಮ್ಮ ತೂಕ 65 ಕೆ.ಜಿ. ಇದ್ದರೆ, ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಂತೆ ಇವೆರಡರ ನಡುವಿನ ಅಂತರ ದಿನಕ್ಕೆ 600 ಕ್ಯಾಲೊರಿ. ಕೆಲಸ ನಿಂತ ಮರುದಿನವೇ ಹಸಿವು ತಗ್ಗುವುದಿಲ್ಲ. ಸೀಸನ್ನಿನ ಊಟದ ಪ್ರಮಾಣವೇ ಆಷಾಢದಲ್ಲೂ ಮುಂದುವರಿದರೆ ಆ ಒಂದೇ ತಿಂಗಳಲ್ಲಿ ಎರಡು ಕಿಲೋ ಏರಲು ಸಾಧ್ಯವಿದೆ. ಆದ್ದರಿಂದ ಕೊನೆಯ ಮದುವೆ ಮುಗಿದ ವಾರವೇ ಆ್ಯಪ್‌ನಲ್ಲಿ ಮಟ್ಟವನ್ನು ಬದಲಿಸಿ. ವಾರದೊಳಗೇ ಕೆಲಸ ಏರುಪೇರಾಗುವವರು ಮಾತ್ರ ಏಳು ದಿನಗಳ ಸರಾಸರಿಯನ್ನು ಹಿಡಿದರೆ ಸಾಕು.

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳಾಗಿದೆ, ಮಗುವಿಗೆ ಹಾಲೂಡಿಸುತ್ತಿದ್ದೇನೆ. ಬಾಣಂತನದಲ್ಲಿ ಏರಿದ ತೂಕ ಇಳಿಸಲು ‘ಸೆಡೆಂಟರಿ’ ಹಾಕಿ ಆರಂಭಿಸಬಹುದೇ?
(ಓದುಗರು, ಮೈಸೂರು)

ಉತ್ತರ: ಬೇಡಮ್ಮ, ಆ ಪಟ್ಟಿಯ ಯಾವ ಮಟ್ಟವೂ ಹಾಲೂಡಿಸುವ ತಾಯಿಯ ಖರ್ಚನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮಗುವಿಗೆ ಆರು ತಿಂಗಳಾಗುವವರೆಗೆ ದಿನಕ್ಕೆ 600 ಕ್ಯಾಲೊರಿ, ಆ ಮೇಲೆ ವರ್ಷ ತುಂಬುವವರೆಗೆ 520 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂದು ನಮ್ಮ ದೇಶದ ಶಿಫಾರಸು ಹೇಳುತ್ತದೆ. ನಿಮ್ಮ ನಿಜವಾದ ಮಟ್ಟಕ್ಕೆ ಇದನ್ನು ಕೂಡಿಸಿಕೊಳ್ಳಿ, ತೂಕ ಇಳಿಸುವ ಗುರಿಯನ್ನು ಸದ್ಯಕ್ಕೆ ಹಾಕಬೇಡಿ. ಬಾಣಂತನದ ತುಪ್ಪ, ಅಂಟಿನುಂಡೆಗಳು ಈಗಲೂ ದಿನಕ್ಕೆ ಮೂರು ನಾಲ್ಕು ಸಲ ನಡೆಯುತ್ತಿದ್ದರೆ ಅವನ್ನು ಒಂದು ಹೊತ್ತಿಗೆ ಇಳಿಸಿ, ಬೇಳೆ, ಸೊಪ್ಪು, ಹಣ್ಣುಗಳನ್ನು ಹೆಚ್ಚಿಸಿಕೊಳ್ಳಿ. ವೈದ್ಯರು ಒಪ್ಪಿದ ಮೇಲೆ ಸಂಜೆಯ ನಡಿಗೆಯನ್ನು ಆರಂಭಿಸಿ. ಹೆರಿಗೆಯ ಸಮಯದಲ್ಲಿ ಮಧುಮೇಹವಿದ್ದು ಇನ್ನೂ ಇನ್ಸುಲಿನ್ ಅಥವಾ ಮಾತ್ರೆ ನಡೆಯುತ್ತಿದ್ದರೆ, ಊಟದ ಪ್ರಮಾಣವನ್ನು ಬದಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ಊಟ ತಗ್ಗಿಸಿ ಔಷಧಿಯನ್ನು ಹಾಗೆಯೇ ಇಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.