ಏಪ್ರಿಲ್‌ನಲ್ಲಿ ನೀರು ಹಾಕೋರು ಯಾರು?

ಓದುಗರ ಪತ್ರ: ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಕಡೆಯ ಸರ್ಕಾರಿ ಶಾಲೆ. 120 ಮಕ್ಕಳಿದ್ದಾರೆ. ಶಾಲೆಯ ಪರಿಸರ ಸುಧಾರಿಸಿ ಅಂತ ಹಳೆ ವಿದ್ಯಾರ್ಥಿಗಳು 60 ಸಾವಿರ ರೂಪಾಯಿ ಕೂಡಿಸಿ ಕೊಟ್ಟಿದ್ದಾರೆ. ಎಸ್‌ಡಿಎಂಸಿಯಲ್ಲಿ (ಶಾಲೆಯ ಉಸ್ತುವಾರಿ ಸಮಿತಿ) ಅರ್ಧ ಜನ, ಜೂನ್ 5ರ ಪರಿಸರ ದಿನಕ್ಕೆ ದೊಡ್ಡವರನ್ನು ಕರೆಸಿ ನೂರು ಸಸಿ ನೆಡೋಣ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸೋಣ ಅನ್ನುತ್ತಾರೆ. ಇನ್ನರ್ಧ ಜನ, ಮೊದಲು ನೀರೆಷ್ಟು, ಗಿಡ ಎಷ್ಟು ಅಂತ ಮಕ್ಕಳ ಕೈಲೇ ಲೆಕ್ಕ ಹಾಕಿಸಿ ಆಮೇಲೆ ಶುರು ಮಾಡೋಣ ಅನ್ನುತ್ತಾರೆ. ನೀವೇನಂತೀರಿ?

ಸಂಪಾದಕರ ಉತ್ತರ:

ಮೇಷ್ಟ್ರೇ, ಎರಡೂ ಕಡೆಯವರು ಜಗಳವಾಡದೆ ನಮ್ಮನ್ನು ಕೇಳಿದ್ದೀರಲ್ಲ, ಅದೇ ದೊಡ್ಡದು. ಸಮಾರಂಭದ ಕಡೆಯವರದ್ದೂ ಪೂರ್ತಿ ತಪ್ಪಲ್ಲ. ಶಾಮಿಯಾನ ಹಾಕಿ ಮೈಕ್ ಕಟ್ಟಿದರೆ ಮಕ್ಕಳಿಗೆ ಖುಷಿ. ದುಡ್ಡು ಕೊಟ್ಟವರಿಗೂ ಸಮಾಧಾನ. ಜೂನ್‌ನಲ್ಲೇ ನೆಟ್ಟರೆ ಬೇರು ಬಿಡೋದಕ್ಕೆ ಮೂರು ತಿಂಗಳು ಜಾಸ್ತಿ ಸಿಗುತ್ತೆ ಅನ್ನೋದೂ ಸುಳ್ಳಲ್ಲ.

ಆದರೆ ಜೂನ್ 5 ಯಾವ ದಿನ ಗೊತ್ತಲ್ವಾ? 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ. ಸ್ವೀಡನ್ ದೇಶದ ಸಭೆಯ ತಾರೀಖಿಗೂ ಕೋಲಾರದ ಮಳೆಗೂ ಏನು ಸಂಬಂಧ? ನಮ್ಮ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಅಂತ ನಿಮ್ಮೂರಿನ ಯಾವ ಅಜ್ಜನನ್ನು ಕೇಳಿದರೂ ಎಣಿಸಿ ಹೇಳುತ್ತಾರೆ. ಜೂನ್ ಮೋಡ ನೋಡಿ ನೆಟ್ಟ ಸಸಿ ಆಗಸ್ಟ್ ಬಿಸಿಲಿಗೇ ಬಾಡಿರುತ್ತೆ. ಅದನ್ನು ದಾಟಿದ್ದು ಏಪ್ರಿಲ್‌ಗೆ ಸಿಕ್ಕಿಬೀಳುತ್ತೆ. ಶಾಲೆಗೆ ಬೀಗ, ಮಕ್ಕಳು ಅಜ್ಜಿ ಊರಿಗೆ. ಮುಂದಿನ ಜೂನ್‌ಗೆ ಗುಂಡಿ ತೋಡುವ ಖರ್ಚೂ ಇಲ್ಲ, ಹಳೆಯದು ಹಾಗೇ ಇರುತ್ತೆ.

ನಾನು ಓದಿದ ಶಾಲೆಯಲ್ಲಿ ಒಬ್ಬರು ಮೇಷ್ಟ್ರಿದ್ದರು. ಅವರು ನೆಡಿಸಿದ್ದು ಎಂಟೇ ಹೊಂಗೆ. ಹೊಂಗೆಗೆ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ, ಅದಕ್ಕೆ. ಗುಂಡಿ ತೋಡಿಸುವ ಮೊದಲು ಕ್ಲಾಸಿಗೆ ಬಂದು, ಬೇಸಿಗೆ ರಜೆಗೆ ಊರಿಗೆ ಹೋಗದವರು ಯಾರ್‍ಯಾರು ಅಂತ ಕೇಳಿ ಹೆಸರು ಬರೆದುಕೊಂಡರು. ನಮ್ಮಜ್ಜಿ ನಮ್ಮ ಮನೆಯಲ್ಲೇ ಇದ್ದರು, ಹಾಗಾಗಿ ನಾನೂ ಆ ಪಟ್ಟಿಗೆ ಸೇರಿದೆ. ಒಬ್ಬನಿಗೆ ಒಂದು ಗಿಡ, ಎರಡು ದಿನಕ್ಕೊಮ್ಮೆ ಒಂದು ಬಿಂದಿಗೆ ನೀರು, ಶಾಲೆ ತೆರೆದ ದಿನ ಒಂದು ಪೆನ್ಸಿಲ್. ಎಂಟರಲ್ಲಿ ಏಳು ಬದುಕಿದವು. ಇವತ್ತೂ ಅವುಗಳ ನೆರಳಲ್ಲೇ ಮಕ್ಕಳು ಊಟಕ್ಕೆ ಕೂರುತ್ತಾರೆ. ಒಣಗಿದ್ದು ನನ್ನದು. ಅಕ್ಕನ ಮದುವೆ ಗಡಿಬಿಡಿಯಲ್ಲಿ ಹತ್ತು ದಿನ ಆ ಕಡೆ ತಲೆ ಹಾಕಿರಲಿಲ್ಲ.

ಹಾಗಾಗಿ ನನ್ನ ಓಟು ಲೆಕ್ಕದವರ ಕಡೆಗೆ. ಅವರಿಗೂ ಒಂದು ಮಾತು: ಒಂದು ವರ್ಷ ಬರೀ ಲೆಕ್ಕ ಹಾಕುತ್ತಾ ಕೂರಬೇಡಿ. ಇದು ಒಂದು ವಾರದ ಕೆಲಸ. ಬಿಸಿಯೂಟ ಮುಗಿದ ಮೇಲೆ ನಲ್ಲಿ ಕಟ್ಟೆ ಹತ್ತಿರ ಐದು ನಿಮಿಷ ನಿಂತು ನೋಡಿ. ಒಂದು ಮಗು ತಟ್ಟೆ ತೊಳೆಯುತ್ತೆ, ಇನ್ನೊಂದು ಅದರ ಭುಜದ ಮೇಲಿಂದ ಕೈ ಚಾಚುತ್ತೆ. ಸಾರಿನ ಹಳದಿ ನೀರು, ನಾಲ್ಕು ಅಗುಳು ಅನ್ನ ಚರಂಡಿಗೆ ಹರಿಯುತ್ತೆ. ಗೋಡೆ ಮೇಲೆ ಕಾಗೆ ಕಾಯುತ್ತಾ ಇರುತ್ತೆ. ಒಂದು ಮಗುವಿಗೆ ಎರಡು ಲೀಟರ್ ಅಂದುಕೊಳ್ಳಿ. 120 ಮಕ್ಕಳಿಗೆ 240 ಲೀಟರ್. ಗಿಡಕ್ಕೆ ದಿನಕ್ಕೆ ಹತ್ತು ಲೀಟರ್ ಹಿಡಿದರೆ 24 ಗಿಡ. ನಿಮ್ಮ ಶಾಲೆಗೆ ನೂರಲ್ಲ ಮೇಷ್ಟ್ರೇ, 24. ಆರನೇ ಕ್ಲಾಸಿನ ಮಗು ಈ ಲೆಕ್ಕ ಮಾಡುತ್ತೆ, ದೊಡ್ಡವರ ಸಭೆಯಲ್ಲಿ ಯಾರೂ ಮಾಡಲ್ಲ. ಕಟ್ಟೆಯ ಪಕ್ಕದಲ್ಲೇ ನಾಲ್ಕು ಬಾಳೆ, ಎರಡು ಪಪ್ಪಾಯಿ, ನುಗ್ಗೆ, ಕರಿಬೇವು ಹಾಕಿ. ಪಾತ್ರೆ ತೊಳೆದ ಸೋಪಿನ ನೀರನ್ನು ಮಾತ್ರ ಬೇರೆ ಕಡೆಗೆ ಬಿಡಿ.

ದುಡ್ಡನ್ನು ಮಾಳಿಗೆ ನೀರಿಗೆ ಹಾಕಿ. ಸಾವಿರ ಚದರ ಅಡಿ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. 65 ಸಾವಿರ ಲೀಟರ್ ಆಯ್ತು. ಅಷ್ಟೂ ಹಿಡಿಯೋಕಾಗಲ್ಲ, ಇರಲಿ. ಒಂದು ಪೈಪು, ಒಂದು ಸಿಂಟೆಕ್ಸ್ ಸಾಕು, ಉಳಿದದ್ದು ಇಂಗುಗುಂಡಿಗೆ ಹೋಗಲಿ. ಕೆರೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಹರಿಸೋದು) ಬಂತಲ್ಲ ಅಂತ ಯಾರಾದರೂ ಅಂದಾರು. ಕೆರೆ ನೀರು ಶಾಲೆಯವರೆಗೆ ನಡೆದು ಬರಲ್ಲ.

ರಜೆಗೆ ಏನು ಮಾಡೋದು? ನೀವು ಮಾವಿನ ಸೀಮೆಯವರು, ನನ್ನನ್ನೇಕೆ ಕೇಳುತ್ತೀರಿ! ಎಳೆ ಮಾವನ್ನು ಬೇಸಿಗೆ ದಾಟಿಸೋದು ಹೇಗೆ ಅಂತ ಮಕ್ಕಳ ಅಪ್ಪಂದಿರನ್ನು ಕರೆದು ಕೂರಿಸಿ ಕೇಳಿ. ಬುಡಕ್ಕೆ ತರಗೆಲೆ ಹೊದಿಸುತ್ತಾರೆ, ತಳದಲ್ಲಿ ಸಣ್ಣ ತೂತು ಮಾಡಿದ ಮಡಕೆ ಹೂತು ನೀರು ತುಂಬುತ್ತಾರೆ.

ಇಂಟರ್‌ಲಾಕ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಒಂದು ಶಾಲೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು, ಯಾವುದು ಅಂತ ಬೇಡ. ಹಳೇ ಹುಣಸೆ ಮರದ ಕಾಂಡಕ್ಕೆ ಅಂಟಿಸಿದ ಹಾಗೆ ಟೈಲ್ಸ್ ಹಾಕಿಸಿದ್ದರು. ಮೂರು ವರ್ಷ ಬಿಟ್ಟು ಹೋದಾಗ, ಬೇರಿಗೆ ನೀರಿಳಿಯದೆ ಅರ್ಧ ಮರ ಬೋಳಾಗಿತ್ತು. ಕೆಳಗಿನ ಬೋರ್ಡಿನಲ್ಲಿ ‘ಮರ ಬೆಳೆಸಿ’ ಅಂತ ಬರೆದಿತ್ತು.

ನಮಗೆ ನೆಡೋದರಲ್ಲಿರುವ ಉತ್ಸಾಹ ಉಳಿಸೋದರಲ್ಲಿಲ್ಲ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ಕಡೆ. ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಆಲ ಬೆಳೆಸಿದರು, 2019ರಲ್ಲಿ ಪದ್ಮಶ್ರೀ ಬಂತು. ಭಾಷಣದಲ್ಲೆಲ್ಲ ‘ಮರ ನೆಟ್ಟ ತಾಯಿ’. ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತದ್ದನ್ನು ಎಷ್ಟು ಜನ ಹೇಳುತ್ತಾರೆ? ಯೋಚನೆ ಇಲ್ಲದೆ ನೆಟ್ಟರೆ ಏನಾಗುತ್ತೆ ಅಂತ ಕೋಲಾರದವರಿಗೆ ಬೇರೆ ಹೇಳಬೇಕಾ? 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂದರು, ರಾಗಿ ಹೊಲಕ್ಕೆಲ್ಲ ನೀಲಗಿರಿ ಬಂತು. 2017ರಲ್ಲಿ ಅದೇ ಸರ್ಕಾರ ನೀಲಗಿರಿ ನೆಡಬೇಡಿ ಅಂದಿತು. ಅಷ್ಟು ಹೊತ್ತಿಗೆ ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾಗಿದ್ದವು.

ಜೂನ್ 5ಕ್ಕೆ ಸಮಾರಂಭ ಮಾಡಿ, ಬೇಡ ಅನ್ನಲ್ಲ. ಅವತ್ತು ಆ ಪೈಪು, ಸಿಂಟೆಕ್ಸ್ ಉದ್ಘಾಟನೆ ಆಗಲಿ. ಸಸಿ ಉತ್ತರೆ ಮಳೆಗೆ ಕಾಯಲಿ. ನಮಗೆ ಫೋಟೊ ಕಳಿಸಬೇಡಿ. ಬರುವ ವರ್ಷ ಮೇ ಕೊನೆಯ ವಾರ ಒಂದು ಕಾರ್ಡ್ ಹಾಕಿ, 24ರಲ್ಲಿ ಎಷ್ಟು ಚಿಗುರಿವೆ ಅಂತ. ಒಣಗಿದ್ದು ಯಾರ ಗಿಡ ಅಂತಲೂ ಬರೆಯಿರಿ, ನನಗೊಬ್ಬ ಜೊತೆಗಾರ ಸಿಗುತ್ತಾನೆ.